ಪೆಪ್ಪರ್ ಸ್ಪ್ರೇ: ಯಾವುದು ಕೊಡಿಸಲಿ?

ಪ್ರಶ್ನೆ: ತಂಗಿಗೆ ಮಾರತ್ತಹಳ್ಳಿಯಲ್ಲಿ ಕೆಲಸ. ಶಿಫ್ಟ್ ಮುಗಿದ ಮೇಲೆ ಬಸ್‌ಸ್ಟಾಪ್‌ನಿಂದ ಪಿ.ಜಿ.ವರೆಗೆ ರಾತ್ರಿ ಒಬ್ಬಳೇ ನಡೆಯಬೇಕು. ಆನ್‌ಲೈನ್‌ನಲ್ಲಿ ನೋಡಿದರೆ ಡಬ್ಬಿಗಳ ಮೇಲೆಲ್ಲ ‘20 ಲಕ್ಷ ಎಸ್‌ಎಚ್‌ಯು’ ಅಂತ ಬರೆದಿದೆ, ಅದು ಖಾರದ ಅಳತೆಯಂತೆ. ಇಟ್ಟುಕೊಂಡವರು, ಬಳಸಿದವರು ಇದ್ದರೆ ಹೇಳಿ.

ನೈಟ್ ಡ್ಯೂಟಿ ನರ್ಸ್, ಹುಬ್ಬಳ್ಳಿ: ಆ ಲಕ್ಷಗಳಿಗೆ ಮರುಳಾಗಬೇಡಿ. ಸಾಮಾನ್ಯವಾಗಿ ಅದು ಡಬ್ಬಿಗೆ ತುಂಬುವ ಮೊದಲು ಮೆಣಸಿನಕಾಯಿ ಸಾರ ಎಷ್ಟು ಖಾರ ಇತ್ತು ಅನ್ನುವ ಲೆಕ್ಕ. ಆಮೇಲೆ ಎಷ್ಟು ತೆಳು ಮಾಡಿದ್ದಾರೆ ಅಂತ ಅದರಿಂದ ಗೊತ್ತಾಗುವುದಿಲ್ಲ. ‘10% ಓಸಿ’ ಅಂತ ಇದ್ದರೂ ಅಷ್ಟೇ, ಓಸಿ ಅಂದರೆ ಆ ಮೆಣಸಿನಕಾಯಿ ಸಾರ, ಅದು ಎಷ್ಟಿದೆ ಅನ್ನುತ್ತದೆ, ಖಾರ ಹೇಳುವುದಿಲ್ಲ. ಬ್ಯಾಡಗಿ ಹಾಕಿದ ಸಾರು ಕೆಂಪಗಿದ್ದರೂ ನಾಲಿಗೆ ಸುಡುವುದಿಲ್ಲ, ಅಲ್ವಾ? ನಿಜವಾದ ಅಳತೆ ಕ್ಯಾಪ್ಸೈಸಿನಾಯ್ಡ್, ಅಂದರೆ ಖಾರ ಕೊಡುವ ಅಂಶ, ಎಷ್ಟು ಪರ್ಸೆಂಟ್ ಅನ್ನುವುದು. ಅಮೆರಿಕದ ಖಾರವಾದ ಡಬ್ಬಿಗಳಲ್ಲಿ ಅದು 1.33% ಅಂತ ಇರುತ್ತದೆ. ನಮ್ಮಲ್ಲಿ ಎಷ್ಟೋ ಡಬ್ಬಿಗಳ ಮೇಲೆ ಇದನ್ನು ಬರೆಯುವುದೇ ಇಲ್ಲ.

ನನ್ನ ಕೇಳಿದರೆ ಖಾರಕ್ಕಿಂತ ಗಾಳಿ ಮುಖ್ಯ. ಮಂಜಿನ ಹಾಗೆ ಹರಡುವ ಸ್ಪ್ರೇಗೆ ಗುರಿ ಅಷ್ಟು ಬೇಡ, ಆದರೆ ಎದುರು ಗಾಳಿ ಬೀಸಿದರೆ ನಮ್ಮ ಮುಖಕ್ಕೇ ಬರುತ್ತದೆ. ನೇರ ಧಾರೆ ಬರುವುದನ್ನೇ ಕೊಡಿಸಿ. ಜೆಲ್ ಇನ್ನೂ ಕಡಿಮೆ ಹಾರುತ್ತದೆ, ಆದರೆ ಕಣ್ಣಿಗೇ ತಾಗಬೇಕು.

ಆಮೇಲೆ ಲಾಕ್. ಮೇಲಿನ ಸಣ್ಣ ಮುಚ್ಚಳದ ಕೆಳಗೆ ಹೆಬ್ಬೆರಳು ತೂರಿಸಿ ಒತ್ತುವ ಡಬ್ಬಿ ಕತ್ತಲಲ್ಲೂ ಕೈಗೆ ಸಿಗುತ್ತದೆ. ನಾಜಲ್ ಯಾವ ಕಡೆಗಿದೆ ಅಂತ ಬೆರಳಿಗೇ ತಿಳಿಯುತ್ತದೆ. ತಿರುಗಿಸುವ ಲಾಕ್ ನನಗೆ ಹಿಡಿಸಲಿಲ್ಲ, ಬ್ಯಾಗಿನಲ್ಲಿ ತಾನೇ ತಿರುಗಿಕೊಂಡಿರುತ್ತದೆ. ಬ್ಯಾಗಿನ ತಳದಲ್ಲಿ ಟಿಫಿನ್ ಡಬ್ಬಿಯ ಅಡಿ ಇಟ್ಟರೆ ಸುಮ್ನೆ ಭಾರ. ಬಸ್ ಇಳಿಯುವಾಗಲೇ ಕೈಯಲ್ಲಿರಲಿ.

ಎರಡು ತರಿಸಿ. ಒಂದನ್ನು ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ, ಹೊಡೆದು ನೋಡಲಿ. ಎಂಟು ಹತ್ತು ಅಡಿ ಹೋಗದಿದ್ದರೆ ಆ ಬ್ರ್ಯಾಂಡ್ ಬಿಡಿ. ಎಕ್ಸ್‌ಪೈರಿ ಡೇಟ್ ಕೂಡ ನೋಡಿ. ಹಳೇ ಡಬ್ಬಿಯಲ್ಲಿ ಖಾರ ಇದ್ದರೂ ಒತ್ತಡ ಇರುವುದಿಲ್ಲ.

ಕಾಲೇಜು ಲೆಕ್ಚರರ್, ಮೈಸೂರು: ಲಿಫ್ಟ್, ಆಟೋ, ಕಾರಿನೊಳಗೆ ಹೊಡೆದರೆ ಅವಳಿಗೂ ಕಷ್ಟ. 2014ರ ಫೆಬ್ರವರಿಯಲ್ಲಿ ತೆಲಂಗಾಣ ಮಸೂದೆ ಗಲಾಟೆಯಲ್ಲಿ ಒಬ್ಬ ಸಂಸದರು ಲೋಕಸಭೆಯೊಳಗೇ ಸ್ಪ್ರೇ ಮಾಡಿದ್ದು ನೆನಪಿದೆಯಾ? ಅಷ್ಟು ದೊಡ್ಡ ಹಾಲ್‌ನಲ್ಲೂ ಕೆಮ್ಮಿ ಕೆಮ್ಮಿ ಕೆಲವರು ಆಸ್ಪತ್ರೆ ಸೇರಿದರು. ತನಗೇ ತಾಗಿದರೆ ಉಜ್ಜಬಾರದು. ಕಾಂಟ್ಯಾಕ್ಟ್ ಲೆನ್ಸ್ ತೆಗೆದು, ತಣ್ಣೀರು ಹರಿಯಬಿಟ್ಟು ತೊಳೆಯುತ್ತಲೇ ಇರಬೇಕು. ಎಣ್ಣೆ, ಕ್ರೀಮ್ ಹಚ್ಚಬೇಡಿ.

ವಕೀಲರು, ಬೆಂಗಳೂರು: ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಆದರೆ ಜಗಳಕ್ಕೆಲ್ಲ ಹೊಡೆಯುವಂತಿಲ್ಲ. 2024ರಲ್ಲಿ ಒಂದು ಕೇಸಿನಲ್ಲಿ ನಮ್ಮ ಹೈಕೋರ್ಟ್ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧ ಅಂದಿತು. ಪ್ರಾಣಕ್ಕೆ ತಕ್ಷಣದ ಅಪಾಯ ಇರಲಿಲ್ಲ ಅಂತ ಹೇಳಿ ಹೊಡೆದವರ ಮೇಲಿನ ಕೇಸು ರದ್ದು ಮಾಡಲಿಲ್ಲ. ಮೈಮೇಲೆ ಬಂದವನಿಗೆ ಹೊಡೆದರೆ ಆತ್ಮರಕ್ಷಣೆ. ಹೊಡೆದ ಕೂಡಲೇ ಜನ ಇರುವ ಕಡೆ ಓಡಿ 112ಕ್ಕೆ ಕರೆ ಮಾಡಲಿ. ಊರಿಗೆ ವಿಮಾನದಲ್ಲಿ ಬರುವುದಾದರೆ ಡಬ್ಬಿ ಪಿ.ಜಿ.ಯಲ್ಲೇ ಬಿಟ್ಟು ಬರಲಿ, ಕ್ಯಾಬಿನ್ ಬ್ಯಾಗಿನಲ್ಲಿ ಬಿಡುವುದಿಲ್ಲ.

ಕೇಳಿದವರು: ಥ್ಯಾಂಕ್ಸ್. ನೇರ ಧಾರೆಯದ್ದೇ ಎರಡು ಆರ್ಡರ್ ಮಾಡುತ್ತೇನೆ. ಟೆರೇಸ್ ಮೇಲೆ ಹೊಡೆದು ನೋಡಬಹುದಾ ಮೇಡಂ?

ನರ್ಸ್: ಟೆರೇಸ್ ಬೇಡ, ಪಕ್ಕದ ಮನೆಯವರ ಬಟ್ಟೆ ಒಣಗುತ್ತಿರುತ್ತವೆ. ಖಾಲಿ ಸೈಟ್ ನೋಡಿ.