2.3 ಮೀಟರ್ ಗಾಳಿದೋಣಿ: ತಳ ಜೋಲುತ್ತೆ, ಹುಟ್ಟು ಹಾಕಿದ್ರೆ ಗಿರಕಿ ಹೊಡೆಯುತ್ತೆ. ಮನೆಯಲ್ಲೇ ಏನೇನು ಸರಿಮಾಡಬಹುದು?

ಕೂಳೆಗದ್ದೆ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ಮೊದಲು ದೋಣಿಯ ವಿವರ: ಉದ್ದ 2.3 ಮೀಟರ್, ಅಗಲ 1.3 ಮೀಟರ್, ಸುತ್ತಲಿನ ಗಾಳಿ ಕೊಳವೆಯ ದಪ್ಪ 36 ಸೆಂ.ಮೀ. ಒಳಗೆ ನೂಲಿನ ನೇಯ್ಗೆ ಇರೋ 0.9 ಮಿ.ಮೀ. ಪಿವಿಸಿ. ಗಾಳಿ ಕೋಣೆ ಎರಡು, ವಾಲ್ವ್ ಪಕ್ಕ 0.2 ಬಾರ್ ಅಂತ ಅಚ್ಚಾಗಿದೆ. ತಳಕ್ಕೆ ಒಂದೇ ಪದರದ ಹಾಳೆ, ಅದರ ಮೇಲೆ ಚಾಪೆ ಥರ ಸುತ್ತಿಡೋ ಮರದ ಪಟ್ಟಿ. ಹಿಂದುಗಡೆ ಮೋಟರ್ ಕೂರಿಸೋಕೆ ಹಲಗೆ ಇಲ್ಲ.

ತೊಂದರೆ ಇಷ್ಟು. ಇಬ್ಬರು ಕೂತರೆ ತಳ ಕೆಳಕ್ಕೆ ಜೋಲುತ್ತೆ. ಹುಟ್ಟು ಹಾಕಿದ್ರೆ ಹರಿಗೋಲಿನ ಥರ ತಿರುಗುತ್ತೆ, ನೇರ ಹೋಗಲ್ಲ. ದಡದಲ್ಲಿ ಬಿಗಿಯಾಗಿ ಗಾಳಿ ತುಂಬಿ ಇಳಿಸಿದ್ರೂ ಅರ್ಧ ಗಂಟೆಗೆ ಕೊಳವೆ ಮೆತ್ತಗಾಗುತ್ತೆ. ಸೋಪಿನ ನೊರೆ ಹಚ್ಚಿ ನೋಡಿದ್ರೆ ಎಲ್ಲೂ ಗುಳ್ಳೆ ಇಲ್ಲ. ಇದರ ಮೇಲೆ 30 ಪೌಂಡ್ ತಳ್ಳುಬಲದ 12 ವೋಲ್ಟ್ ಮೋಟರ್ ಹಾಕೋ ಯೋಚನೆ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಚಪ್ಪಲಿ ಅಂಟಿಸೋ ಗಮ್ ಸಾಕು ಅಂತಾರೆ. ಸಾಕಾಗುತ್ತಾ? ಯಾವುದರಿಂದ ಶುರು ಮಾಡ್ಲಿ?

ಮಟ್ಟದ_ಪೈಪು, ಮೈಸೂರು

ಮೋಟರ್ ಕೊನೆಗೆ ಇಟ್ಕೊಳ್ಳಿ ಸಾರ್. ಮೊದಲು ಗಾಳಿ, ಆಮೇಲೆ ತಳ. ಇವೆರಡು ಸರಿಯಾಗದೆ ಮೋಟರ್ ಹಾಕಿದ್ರೆ ದೋಣಿ ನಡುವೆ ಮಡಚಿಕೊಂಡು ನೀರನ್ನ ಮುಂದಕ್ಕೆ ನೂಕುತ್ತೆ, ಬ್ಯಾಟರಿ ಖಾಲಿಯಾಗುತ್ತೆ ಅಷ್ಟೇ.

ನಿಮ್ಮದು ಸೋರಿಕೆ ಅಲ್ಲ ಅನ್ಸುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಗಾಢ ಬಣ್ಣದ ಕೊಳವೆಯೊಳಗಿನ ಗಾಳಿ 50 ಡಿಗ್ರಿ ಮುಟ್ಟೋದು ಕಷ್ಟವೇನಲ್ಲ. ಆ ಬಿಸಿಯಲ್ಲಿ 3 ಪಿಎಸ್ಐ (ಒತ್ತಡದ ಅಳತೆ, ನಿಮ್ಮ 0.2 ಬಾರ್ ಹೆಚ್ಚುಕಮ್ಮಿ ಇಷ್ಟೇ) ತುಂಬಿ, ನೀರಿಗಿಳಿದ ಮೇಲೆ ಒಳಗಿನ ಗಾಳಿ 26 ಡಿಗ್ರಿಗೆ ಇಳೀತು ಅಂದ್ಕೊಳ್ಳಿ. ಮೈಸೂರಿನ ಎತ್ತರಕ್ಕೆ ಹೊರಗಿನ ವಾಯುಭಾರ ಸುಮಾರು 13.4 ಪಿಎಸ್ಐ. ಲೆಕ್ಕ ಹಾಕಿದ್ರೆ ಒಳಗೆ ಉಳಿಯೋದು 1.8 ಮಾತ್ರ. ಎಲ್ಲೂ ತೂತಿಲ್ಲದೆ ನೂರಕ್ಕೆ 40ರಷ್ಟು ಬಿಗಿ ಹೋಯ್ತು. ಹಾಗಾಗಿ ಮುಕ್ಕಾಲು ಪಾಲು ತುಂಬಿ ನೀರಿಗೆ ಬಿಡಿ, ಕಾಲು ಗಂಟೆ ಬಿಟ್ಟು ನೀರಲ್ಲೇ ಪೂರ್ತಿ ಮಾಡಿ. ವಾಪಸ್ ದಡಕ್ಕೆ ಎಳೆದ ತಕ್ಷಣ ಸ್ವಲ್ಪ ಗಾಳಿ ಬಿಟ್ಟುಬಿಡಿ. ಯಾಕಂದ್ರೆ ಉಲ್ಟಾ ಲೆಕ್ಕನೂ ಅಷ್ಟೇ ನಿಜ: 25 ಡಿಗ್ರಿಯಲ್ಲಿ 3 ಇದ್ದದ್ದು 50 ಡಿಗ್ರಿಗೆ 4.4 ಆಗುತ್ತೆ. ಹಾಳೆ ಅಂಟಿಸಿದ ಜೋಡು ಬಿಡೋದು ಬಹುಪಾಲು ನೀರಲ್ಲಿ ಅಲ್ಲ, ದಡದ ಬಿಸಿಲಲ್ಲಿ.

ನಿಜವಾಗ್ಲೂ ಸೋರುತ್ತಾ ಅಂತ ನೋಡಬೇಕಾದ್ರೆ ಬೆಳಿಗ್ಗೆ 6ಕ್ಕೆ ಒಳಾಂಗಣದಲ್ಲಿ ತುಂಬಿ, ಮಾರನೇ ದಿನ 6ಕ್ಕೆ ಅಳೀರಿ. ಮೊದಲು ಒಂದೇ ಕೋಣೆ ತುಂಬಿ ಇನ್ನೊಂದು ಖಾಲಿ ಬಿಡಿ. ಖಾಲಿ ಕೋಣೆ ತಾನಾಗೇ ಉಬ್ಬಿದ್ರೆ ಒಳಗಿನ ಅಡ್ಡಗೋಡೆ ಸೋರ್ತಿದೆ ಅಂತ. ಅದು ನೊರೆಗೆ ಸಿಕ್ಕಲ್ಲ. ಈ ಪರೀಕ್ಷೆಗೆ ಪೂರ್ತಿ ಒತ್ತಡ ಬೇಡ, ಅರ್ಧ ಸಾಕು, ಅಡ್ಡಗೋಡೆ ಒಂದೇ ಕಡೆಗೆ ಹಿಗ್ಗಬಾರದು. ದಿನಾ ತುಂಬೋವಾಗಲೂ ಎರಡಕ್ಕೂ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ ಹೊಡೀರಿ.

ಅಳೆಯೋದು ಹೇಗೆ? ಟೈರಿನ ಗೇಜು 3 ಪಿಎಸ್ಐನ ಸರಿಯಾಗಿ ತೋರ್ಸಲ್ಲ. ಗಾರೆ ಮೇಸ್ತ್ರಿಗಳು ಮಟ್ಟ ನೋಡೋ ಪಾರದರ್ಶಕ ಪೈಪಿದೆಯಲ್ಲ, ಅದನ್ನ 6 ಮೀಟರ್ ತಗೊಳ್ಳಿ. ಗೋಡೆಗೆ 2.4 ಮೀಟರ್ ಎತ್ತರದ ಯು ಆಕಾರದಲ್ಲಿ ಕಟ್ಟಿ, ಅರ್ಧ ಎತ್ತರದವರೆಗೆ ಬಣ್ಣದ ನೀರು ತುಂಬಿ. ಒಂದು ತುದಿ ತೆರೆದಿರಲಿ, ಇನ್ನೊಂದನ್ನ ಪಂಪಿನ ಕೊಳವೆಗೆ ಟಿ ಜೋಡಿಸಿ ಸೇರಿಸಿ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ 70 ಸೆಂ.ಮೀ. ಆದ್ರೆ 1 ಪಿಎಸ್ಐ. ನಿಮ್ಮ 0.2 ಬಾರ್ ಅಂದ್ರೆ 204 ಸೆಂ.ಮೀ., ಅಂದ್ರೆ ಒಂದು ಕಡೆ 102 ಇಳಿದು ಇನ್ನೊಂದು ಕಡೆ 102 ಏರಬೇಕು. ಇದಕ್ಕಿಂತ ನಂಬಿಕಸ್ತ ಗೇಜು ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗಲ್ಲ. ಒಂದ್ಸಲ ಸರಿಯಾಗಿ ತುಂಬಿದಾಗ ಹೆಬ್ಬೆರಳಲ್ಲಿ ಒತ್ತಿ ನೋಡಿ ಆ ಬಿಗಿ ನೆನಪಿಟ್ಕೊಳ್ಳಿ, ದಡದಲ್ಲಿ ಅದೇ ಅಳತೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ರ ಮಾತ್ರ ಹೋಗ್ಬೇಡಿ. ಸೆಕೆಂಡುಗಳಲ್ಲಿ ಜೋಡು ಹರಿದುಹೋಗುತ್ತೆ.

ಇನ್ನು ತಳ. ಪಟ್ಟಿ ತೆಗೆದು 9 ಮಿ.ಮೀ. ಪ್ಲೈವುಡ್ ಹಾಕಿ. ಐಎಸ್ 710 ಮುದ್ರೆ ಇರೋ ಮರೀನ್ ಪ್ಲೈ ಕೇಳಿ. ಐಎಸ್ 303 ಮನೆಯ ಬೀರುಗಳಿಗೆ ಆಗುತ್ತೆ, ದಿನಗಟ್ಟಲೆ ಒದ್ದೆಯಿರೋ ಜಾಗಕ್ಕಲ್ಲ. ಎಲ್ಲಾ ಸೇರಿ ಸುಮಾರು ಒಂದು ಚದರ ಮೀಟರ್ ಬೇಕು, 6 ಕೆಜಿ ತೂಗುತ್ತೆ. ಒಂದೇ ತುಂಡಾದ್ರೆ ಒಳಗೆ ಹೋಗಲ್ಲ, ಮೂರು ತುಂಡು ಮಾಡಿ. ಮೊದಲು ರಟ್ಟಿನಲ್ಲಿ ನಮೂನೆ ಕತ್ತರಿಸಿ, ಗಾಳಿ ತುಂಬಿದ ದೋಣಿಯೊಳಗೆ ಇಟ್ಟು ನೋಡಿ. ಹಲಗೆಯ ಅಂಚು ಎರಡೂ ಪಕ್ಕ ಕೊಳವೆಯ ಹೊಟ್ಟೆ ಕೆಳಗೆ 3-4 ಸೆಂ.ಮೀ. ಸೇರಬೇಕು. ಮೂಲೆಗಳನ್ನ 5 ಸೆಂ.ಮೀ. ದುಂಡಗೆ ಮಾಡಿ. ತುಂಡುಗಳ ಮಧ್ಯೆ ಅಲ್ಯೂಮಿನಿಯಂ ಕಿಟಕಿ ಮಾಡೋರ ಹತ್ರ ಸಿಗೋ ಎಚ್ ಆಕಾರದ ಪಟ್ಟಿ ಸಿಕ್ಕಿಸಿ, ಪಟ್ಟಿಯ ತುದಿಗಳನ್ನ ಅರದಿಂದ ಉಜ್ಜಿ ನುಣುಪು ಮಾಡೋದು ಮರೀಬೇಡಿ. ಎಪಾಕ್ಸಿ ಮೂರು ಕೋಟು, ಕತ್ತರಿಸಿದ ಅಂಚಿಗೆ ಇನ್ನೂ ಒಂದು ಜಾಸ್ತಿ. ನೀರು ಹೀರೋದೇ ಅಂಚಿನಿಂದ. ಕೊನೆಗೆ ಗಿಡಕ್ಕೆ ನೀರು ಬಿಡೋ ಪೈಪನ್ನ ಉದ್ದಕ್ಕೆ ಸೀಳಿ ಅಂಚಿನ ಸುತ್ತ ತೊಡಿಸಿ.

ಹಲಗೆ ಕೂರಿಸೋವಾಗ ಕೊಳವೆ ಅರ್ಧ ಉಬ್ಬಿರಲಿ. ಆಮೇಲೆ ಪೂರ್ತಿ ತುಂಬಿದ್ರೆ ಅದೇ ಅದುಮಿ ಹಿಡಿಯುತ್ತೆ, ಸ್ಕ್ರೂ ಬೇಡವೇ ಬೇಡ.

ಗಿರಕಿಗೆ ಅಂಟಿಲ್ಲದ ಮದ್ದು ಒಂದಿದೆ. ಹಲಗೆಗೂ ತಳದ ಹಾಳೆಗೂ ಮಧ್ಯೆ, ನಟ್ಟನಡುವೆ ಉದ್ದಕ್ಕೆ, 120 ಸೆಂ.ಮೀ. ಉದ್ದದ 63 ಮಿ.ಮೀ. ಪಿವಿಸಿ ಪೈಪು ಇಡಿ. ಹೊಲಕ್ಕೆ ನೀರು ಹಾಯಿಸೋ ಅದೇ ಪೈಪು. ಎರಡೂ ತುದಿಗೆ ಎಂಡ್ ಕ್ಯಾಪ್ ಅಂಟಿಸಿ, ಮೇಲೆ ಇವಿಎ (ಮೆತ್ತನೆ ಫೋಮ್) ಹಾಳೆ ಸುತ್ತಿ. ತಳ ಆಗ ಚಪ್ಪಟೆ ಇರಲ್ಲ, ಏಣಿನ ಆಕಾರ ಬರುತ್ತೆ, ದೋಣಿ ಗೆರೆ ಹಿಡಿಯುತ್ತೆ. ಹಾಳೆ ತೀರ ಬಿಗಿಯಾದ್ರೆ 40 ಮಿ.ಮೀ. ಪೈಪಿಗೆ ಇಳೀರಿ, ಇಲ್ಲಾಂದ್ರೆ ತಳ ಕೊಳವೆಗೆ ಸೇರೋ ಜೋಡಿನ ಮೇಲೆ ಎಳೆತ ಬೀಳುತ್ತೆ.

ಹುಟ್ಟಿನ ಉದ್ದನೂ ನೋಡಿ. ಎರಡು ಹುಟ್ಟುಕೊಕ್ಕೆಗಳ ನಡುವಿನ ಅಂತರದ ಅರ್ಧಕ್ಕೆ 5 ಸೆಂ.ಮೀ. ಸೇರಿಸಿ, 25ರಿಂದ ಗುಣಿಸಿ 7ರಿಂದ ಭಾಗಿಸಿ. ಒಂದು ಮೀಟರ್ ಅಂತರಕ್ಕೆ ಸುಮಾರು 195 ಸೆಂ.ಮೀ. ಬರುತ್ತೆ. ಕೆಳಗೆ ಕೂರೋ ಗಾಳಿದೋಣಿಗೆ ಅಷ್ಟು ಬೇಡ, 170 ಸಾಕು. ಜೊತೆಗೆ ಬರೋ ಮೋಟು ಹುಟ್ಟಲ್ಲಿ ಎಷ್ಟು ಹಾಕಿದ್ರೂ ನೀರು ಕಲಕುತ್ತೆ ಅಷ್ಟೇ.

ಪಿಯು_ಪ್ಯಾಚ್, ಮೈಸೂರು

ಮೇಲಿನದೆಲ್ಲ ಸರಿ. ಪ್ಲೈವುಡ್ ಬಗ್ಗೆ ಒಂದು ಮಾತು ಸೇರಿಸ್ತೀನಿ: ಹಲಗೆ ಮತ್ತು ಹಾಳೆ ಮಧ್ಯೆ ಸೇರೋ ಮರಳು ಉಪ್ಪುಕಾಗದ ಇದ್ದಂಗೆ. ಪ್ರತಿಸಲ ಹಲಗೆ ಎತ್ತಿ ತೊಳೀಬೇಕು. ತೊಳೆಯೋ ತಾಳ್ಮೆ ಇಲ್ಲಾಂದ್ರೆ ಪ್ಲೈವುಡ್ ಹಾಕಲೇಬೇಡಿ, 10 ಮಿ.ಮೀ. ಇವಿಎ ಮ್ಯಾಟ್ ಹಾಕಿ. ಬಿಗಿ ಕಮ್ಮಿ, ಆದ್ರೆ ತಳ ಉಳಿಯುತ್ತೆ.

ಅಂಟಿನ ವಿಚಾರಕ್ಕೆ ಬರೋಣ. ಚಪ್ಪಲಿ, ಸೋಫಾಗೆ ಹಾಕೋ ಹಳದಿ ರಬ್ಬರ್ ಗಮ್ ಪಿವಿಸಿಗೆ ಬೇಡ. ಪಿವಿಸಿ ಮೆತ್ತಗಿರೋದು ಅದರೊಳಗಿನ ಮೃದುಕಾರಕ ಎಣ್ಣೆಯಿಂದ. ಆ ಎಣ್ಣೆ ನಿಧಾನಕ್ಕೆ ರಬ್ಬರ್ ಗಮ್ಮಿಗೆ ಇಳಿದು ಅದನ್ನ ಲೊಳಲೊಳ ಮಾಡುತ್ತೆ. ಮೊದಲ ವಾರ ಗಟ್ಟಿ ಅನ್ಸುತ್ತೆ, ಬೇಸಿಗೆ ಬರೋಷ್ಟರಲ್ಲಿ ಪ್ಯಾಚು ಜಾರಿರುತ್ತೆ. ತಕ್ಷಣ ಅಂಟೋ ಸೂಪರ್ ಗ್ಲೂನೂ ಬೇಡ, ಗಾಜಿನಂತೆ ಗಟ್ಟಿಯಾಗಿ ಮೊದಲ ಮಡಿಕೆಗೇ ಸೀಳುತ್ತೆ. ಬೇಕಾದ್ದು ಗಟ್ಟಿಕಾರಕ ಸೇರಿಸೋ ಎರಡು ಭಾಗದ ಪಾಲಿಯುರಿಥೇನ್ ಅಂಟು. ಅನುಪಾತ ಡಬ್ಬಿ ಮೇಲಿರುತ್ತೆ, ಸಾಮಾನ್ಯವಾಗಿ 100ಕ್ಕೆ 5. ಕಣ್ಣಂದಾಜು ಬೇಡ, ಸಿರಿಂಜಲ್ಲಿ ಅಳೀರಿ. ಅರ್ಧ ಗಂಟೆಯ ಕೆಲಸಕ್ಕಾಗೋಷ್ಟೇ ಕಲಸಿ.

ಪ್ಯಾಚಿಗೂ ಅದೇ ನೇಯ್ಗೆಯ ಪಿವಿಸಿ ಇರಲಿ, ತೂತಿನ ಸುತ್ತ ಎಲ್ಲ ಕಡೆ 5 ಸೆಂ.ಮೀ. ಜಾಸ್ತಿ, ಮೂಲೆ ದುಂಡಗೆ. ದೋಣಿಯ ಗಾಳಿ ಪೂರ್ತಿ ತೆಗೆದು ಆ ಜಾಗವನ್ನ ಸಮತಟ್ಟು ಹಲಗೆ ಮೇಲೆ ಹರಡಿ. ಸುತ್ತ ಪೆನ್ಸಿಲ್ ಗೆರೆ ಎಳೆದು ಟೇಪ್ ಹಚ್ಚಿ. ಬಿಳಿ ಹತ್ತಿ ಬಟ್ಟೆಗೆ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್ ಅನ್ನೋ ದ್ರಾವಕ) ಹಾಕಿ ಎರಡೂ ಮುಖ ಒಂದೇ ದಿಕ್ಕಿಗೆ ಒರೆಸಿ, ಐದು ನಿಮಿಷ ಆರಿಸಿ. ತೆಳ್ಳಗೆ ಮೊದಲ ಕೋಟು, ಹತ್ತು ನಿಮಿಷ. ಅಡ್ಡಲಾಗಿ ಎರಡನೇ ಕೋಟು, ಬೆರಳ ಗೆಣ್ಣಿಗೆ ಅಂಟಿದಂಗಾಗಿ ಬಿಟ್ಟುಕೊಳ್ಳೋ ತನಕ ಕಾಯಿರಿ. ಆಮೇಲೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ, ಮಧ್ಯದಿಂದ ಅಂಚಿಗೆ ರೋಲರ್‌ನಿಂದ ಒತ್ತಿ. ರೋಲರ್ ಇಲ್ಲದಿದ್ರೆ ಸ್ಟೀಲ್ ಚಮಚದ ಬೆನ್ನು ಆಗುತ್ತೆ. ಮೇಲೆ ಭಾರ ಇಟ್ಟು 24 ಗಂಟೆ ಮುಟ್ಬೇಡಿ. ಪೂರ್ತಿ ಗಾಳಿ ಮೂರನೇ ದಿನ.

ಮಳೆಗಾಲದಲ್ಲಿ ಈ ಕೆಲಸ ಕೆಡೋದು ಜಾಸ್ತಿ. ದ್ರಾವಕ ಆವಿಯಾಗೋವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತೆ, ಅಂಟಿನ ಮೇಲೆ ಬೆಳ್ಳಗೆ ಮಂಜು ಹಿಡಿದಂಗೆ ಕಾಣುತ್ತೆ. ಹಾಗೆ ಕಂಡ್ರೆ ಒತ್ತಬೇಡಿ, ಒರೆಸಿ ಮೊದಲಿಂದ ಮಾಡಿ. ಸಂಕ್ರಾಂತಿಯಿಂದ ಯುಗಾದಿವರೆಗಿನ ಒಣಹವೆ ನಮ್ಮ ಕಡೆ ಇದಕ್ಕೆ ಹೇಳಿ ಮಾಡಿಸಿದ ಕಾಲ. ಎಂಇಕೆ ಆವಿಗೆ ಕಿಡಿ ಸಾಕು, ಹಾಗಾಗಿ ಮನೆಯೊಳಗೆ ಬೇಡ. ವರಾಂಡದಲ್ಲಿ ಮಾಡೋದಾದ್ರೂ ಒಲೆ, ದೇವರ ದೀಪ, ಊದುಬತ್ತಿ ಎಲ್ಲ ಆರಿರಲಿ. ಗಟ್ಟಿಕಾರಕ ಉಸಿರಾಟಕ್ಕೆ ಕೆಟ್ಟದ್ದು, ಆಸ್ತಮಾ ಇರೋರು ಹತ್ರ ಬರಬಾರದು.

ಅಂಟು ಕೈಲಿರೋವಾಗಲೇ ತಳದ ಹೊರಗಡೆ, ಪೈಪು ಉಬ್ಬೋ ಗೆರೆಗುಂಟ, 12 ಸೆಂ.ಮೀ. ಅಗಲದ ಪಿವಿಸಿ ಪಟ್ಟಿ ಹಚ್ಚಿಬಿಡಿ. ಹಿನ್ನೀರಿನ ದಡದಲ್ಲಿ ನೀರಿಳಿದಾಗ ಬೆಳೆ ತೆಗೆದ ಕೂಳೆ, ಜಾಲಿ ಮುಳ್ಳು ಎರಡೂ ಇರುತ್ತೆ. ಮೊದಲು ಸವೆಯೋದು ಆ ಗೆರೆಯೇ.

ಕೂಳೆಗದ್ದೆ, ಪಾಂಡವಪುರ

ಇಬ್ಬರಿಗೂ ಧನ್ಯವಾದ. ಪೈಪು, ಪ್ಲೈವುಡ್ ಮೊದಲು ಮಾಡ್ತೀನಿ, ತೊಳೆಯೋಕೆ ತೊಂದರೆ ಇಲ್ಲ. ಮೋಟರ್‌ಗೆ ಹಲಗೆ ಇಲ್ಲದಿರೋದಕ್ಕೆ ಏನು ದಾರಿ? ಮನೆಯ ಇನ್ವರ್ಟರ್ ಬ್ಯಾಟರಿ 150 ಎಎಚ್ ಇದೆ, ಅದೇ ಆಗುತ್ತಾ?

ಹನ್ನೆರಡು_ವೋಲ್ಟ್, ಮಂಡ್ಯ

ಇನ್ವರ್ಟರ್ ಬ್ಯಾಟರಿ ಬೇಡ ಅಣ್ಣ. 50 ಕೆಜಿಗೂ ಮೇಲೆ ತೂಗುತ್ತೆ, ಒಬ್ಬ ಮನುಷ್ಯನನ್ನ ಸುಮ್ಮನೆ ಹಿಂದೆ ಕೂರಿಸಿದಂಗೆ. ವಾಲಿದ್ರೆ ಆಸಿಡ್ ಬೇರೆ. 12.8 ವೋಲ್ಟ್ 50 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ತಗೊಳ್ಳಿ, ಸುಮಾರು 6 ಕೆಜಿ. 30 ಪೌಂಡ್ ಮೋಟರ್ ಪೂರ್ತಿ ವೇಗದಲ್ಲಿ 30 ಆಂಪಿಯರ್ ಹತ್ರ ಎಳೆಯುತ್ತೆ. ನೂರಕ್ಕೆ 80 ಬಳಸಿದ್ರೆ ಒಂದು ಗಂಟೆ ಇಪ್ಪತ್ತು ನಿಮಿಷ. ಬ್ಯಾಟರಿಯ ಬಿಎಂಎಸ್ (ಒಳಗಿರೋ ರಕ್ಷಣಾ ಸರ್ಕ್ಯೂಟ್) 50 ಆಂಪಿಯರ್ ಸತತವಾಗಿ ಕೊಡುತ್ತಾ ಅಂತ ಕೇಳಿಯೇ ತಗೊಳ್ಳಿ. ಐದು ಗೇರಿನ ಅಗ್ಗದ ಮೋಟರುಗಳಲ್ಲಿ ಕಮ್ಮಿ ವೇಗದಲ್ಲಿ ಒಂದಿಷ್ಟು ವಿದ್ಯುತ್ತು ಒಳಗಿನ ಸುರುಳಿಯಲ್ಲಿ ಬಿಸಿಯಾಗಿ ಹೋಗುತ್ತೆ, ಅದಕ್ಕೇ ನಿಧಾನಕ್ಕೆ ಹೋದ್ರೂ ಅಂದ್ಕೊಂಡಷ್ಟು ಉಳಿಯಲ್ಲ.

ಬ್ಯಾಟರಿ ಮುಂದುಗಡೆ ಇಡಿ. ಹಿಂದೆ ಮೋಟರ್, ನಡೆಸೋರು, ಬ್ಯಾಟರಿ ಮೂರೂ ಸೇರಿದ್ರೆ ಮೂತಿ ಎತ್ತಿ ಗಾಳಿಗೆ ಸಿಕ್ಕಿ ತಿರುಗುತ್ತೆ. ಅಲ್ಲಿಂದ ಮೋಟರ್‌ಗೆ ಮೂರು ಮೀಟರ್, ಹೋಗಿಬರೋಕೆ ಆರು. 6 ಚದರ ಮಿ.ಮೀ. ತಂತಿಯಲ್ಲಿ 0.55 ವೋಲ್ಟ್ ದಾರೀಲೇ ಹೋಗುತ್ತೆ, 10ರಲ್ಲಿ 0.33. ಹತ್ತೇ ಹಾಕಿ, ತಾಮ್ರದ್ದೇ ಇರಲಿ. 50 ಆಂಪಿಯರ್ ಡಿಸಿ ಬ್ರೇಕರ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಪ್ರೊಪೆಲರ್‌ಗೆ ಬಲೆ ಸುತ್ತಿಕೊಂಡರೆ ಮೋಟರ್ ನಿಂತು ಕರೆಂಟು ಏರುತ್ತೆ, ಆಗ ತಂತಿ ಉರಿಯದಂಗೆ ಕಾಯೋದು ಅದೊಂದೇ. ಬ್ಯಾಟರಿಯನ್ನ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಬೆಲ್ಟಿಂದ ಹಲಗೆಗೆ ಕಟ್ಟಿ.

ಮೋಟರ್ ಚೌಕಟ್ಟು: ಹಿಂದಿನ ಕೊಳವೆ ಮೇಲೆ ನಾಲ್ಕು ಪಿವಿಸಿ ಪ್ಯಾಡ್, ಅದಕ್ಕೆ ಸ್ಟೀಲ್ ಪೈಪಿನ ಚೌಕಟ್ಟು, ಅದರ ಮೇಲೆ 18 ಮಿ.ಮೀ. ಹಲಗೆ. ಇಲ್ಲಿ ಬಹಳ ಜನ ತಪ್ಪೋದು ಬಲದ ದಿಕ್ಕಲ್ಲಿ. ಪ್ರೊಪೆಲರ್ ನೀರಿನೊಳಗೆ ಮುಂದಕ್ಕೆ ತಳ್ಳುತ್ತೆ, ಹಾಗಾಗಿ ಹಲಗೆಯ ತಲೆ ಹಿಂದಕ್ಕೆ ಬಾಗುತ್ತೆ. 30 ಪೌಂಡ್ ಅಂದ್ರೆ 13.6 ಕೆಜಿ, ಅರ್ಧ ಮೀಟರಿಗೂ ಹೆಚ್ಚಿನ ಸನ್ನೆ. ಮೇಲಿನ ಪ್ಯಾಡ್‌ಗಳನ್ನ ಅದು ಸಿಪ್ಪೆ ಸುಲಿದಂಗೆ ಎಬ್ಬಿಸುತ್ತೆ. ಅಂಟು ಜಾರೋ ಎಳೆತ ತಡೆಯುತ್ತೆ, ಸುಲಿಯೋ ಎಳೆತ ತಡೆಯಲ್ಲ. ಅದಕ್ಕೆ ಹಲಗೆಯ ಮೇಲಂಚಿಂದ ಎರಡು ನೈಲಾನ್ ಬೆಲ್ಟು ಮುಂದಕ್ಕೆ ತಂದು ಹುಟ್ಟುಕೊಕ್ಕೆ ಹತ್ರದ ಡಿ ರಿಂಗ್‌ಗೆ ಬಿಗೀರಿ. ಭಾರವೆಲ್ಲ ಆ ಬೆಲ್ಟಿಗೆ ಹೋಗಬೇಕು, ಪ್ಯಾಡ್‌ಗಳು ಚೌಕಟ್ಟು ಅಲುಗದಂಗೆ ಹಿಡಿದರೆ ಸಾಕು. ಪ್ರೊಪೆಲರ್‌ನ ಮೇಲಂಚು ನೀರಿನಿಂದ 15 ಸೆಂ.ಮೀ. ಕೆಳಗಿರಲಿ, ಮೇಲಿದ್ರೆ ಗಾಳಿ ಎಳೆದುಕೊಂಡು ಬುರಬುರ ಅನ್ನುತ್ತೆ, ತಳ್ಳಲ್ಲ.

ಹರಿಗೋಲು, ಶ್ರೀರಂಗಪಟ್ಟಣ

ಎಲ್ಲಿ ಇಳಿಸ್ತೀರಿ ಅನ್ನೋದು ಯಾರೂ ಕೇಳಿಲ್ಲ. ರಂಗನತಿಟ್ಟು ಪಕ್ಷಿಧಾಮದೊಳಗೆ ಖಾಸಗಿ ದೋಣಿಗೆ ಅವಕಾಶವಿಲ್ಲ, ಆ ಭಾಗದ ಕಾವೇರಿಯಲ್ಲಿ ಮೊಸಳೆಗಳೂ ಇವೆ. ಕೆಆರ್‌ಎಸ್ ಕೆಳಗಿನ ಹೊಳೆಯಲ್ಲಿ ಗೇಟು ತೆಗೆದರೆ ನೀರು ದಿಢೀರನೆ ಏರುತ್ತೆ, ಮುತ್ತತ್ತಿ ಕಡೆ ಸುಳಿ. 30 ಪೌಂಡ್ ಮೋಟರ್ ಹೊಳೆಯ ಸೆಳೆತಕ್ಕೆ ಎದುರು ನಿಲ್ಲಲ್ಲ. ಹಿನ್ನೀರಾಗಲಿ ಕೆರೆಯಾಗಲಿ, ಅದು ಯಾವ ಇಲಾಖೆಯದೋ ಅವರಿಂದ ಬರಹದಲ್ಲಿ ಅನುಮತಿ ತಗೊಂಡೇ ಇಳಿಸಿ. ಮೋಟರ್ ಹಾಕಿದ ಮೇಲೆ ನೋಂದಣಿ ಬೇಕಾ ಅಂತಲೂ ಅಲ್ಲೇ ಕೇಳಿ.

ಮೊದಲ ಪರೀಕ್ಷೆಗೆ ಕೃಷಿ ಹೊಂಡ ಚೆನ್ನ, ಒಂದು ಎಚ್ಚರಿಕೆ ಇಟ್ಕೊಂಡು. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ಪಾಚಿಗೆ ಜಾರುತ್ತೆ, ಈಜು ಬಂದರೂ ಹತ್ತಿ ಬರೋಕಾಗಲ್ಲ. ಎದುರುಬದುರು ಎರಡು ದಡದಲ್ಲಿ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ಹಗ್ಗ ನೀರಿಗೆ ಬಿಟ್ಟಿರಿ. ಲೈಫ್ ಜಾಕೆಟ್ ಮೈಮೇಲಿರಲಿ, ದೋಣಿಯೊಳಗಲ್ಲ. ದಡದಲ್ಲಿ ಒಬ್ಬರು ನಿಂತಿರಲಿ.

ಜನ ಕೂರೋ ಮೊದಲು 20 ಲೀಟರ್ ನೀರಿನ ಕ್ಯಾನ್ ಏಳು ತುಂಬಿಸಿ ಇಡಿ, 140 ಕೆಜಿ ಆಯ್ತು. ಇಬ್ಬರು ಕೂರೋ ಜಾಗದಲ್ಲೇ ಇಟ್ಟು, ಮುಂದೆ ಹಿಂದೆ ಕೊಳವೆ ಎಷ್ಟು ಮುಳುಗಿದೆ ಅಂತ ಚಾಕ್‌ಪೀಸಲ್ಲಿ ಗುರುತು ಹಾಕಿ. ಹಿಂದೆ ಜಾಸ್ತಿ ಮುಳುಗಿದ್ರೆ ಬ್ಯಾಟರಿ ಇನ್ನೂ ಮುಂದಕ್ಕೆ. ಒಂದು ಗಂಟೆ ಹಾಗೇ ಬಿಟ್ಟು ಮೇಲೆತ್ತಿ, ಹಲಗೆ ತೆಗೆದು, ಪೈಪಿನ ತುದಿ ತಾಗಿದ ಜಾಗದಲ್ಲಿ ಹಾಳೆ ಬೆಳ್ಳಗಾಗಿದೆಯಾ ನೋಡಿ. ಆಗಿದ್ರೆ ಎಂಡ್ ಕ್ಯಾಪ್ ಮೇಲೆ ಇನ್ನೊಂದು ಸುತ್ತು ಇವಿಎ ಬೇಕು.