ಲಕ್ವ ಹೊಡೆದ ಕಡೆಯ ಭುಜಕ್ಕೆ ರಾಟೆ ವ್ಯಾಯಾಮ: ಮುಂದುವರಿಸಲೋ, ನಿಲ್ಲಿಸಲೋ?

ಹೊಸ ಪಿಟಿ:

ನಾನು ಫಿಸಿಯೋಥೆರಪಿಸ್ಟ್ (ಪಿಟಿ). ನ್ಯೂರೋ ರಿಹ್ಯಾಬ್‌ನಲ್ಲಿ, ಅಂದರೆ ಮಿದುಳು–ನರರೋಗಿಗಳ ಪುನಶ್ಚೇತನದಲ್ಲಿ, ಕೈ ಪಳಗಿದವರ ಸಲಹೆ ಬೇಕು. ರೋಗಿ 58 ವರ್ಷದ ಗಂಡಸು. ಬಲ ಮಿದುಳಿನ ಎಂಸಿಎ ಇನ್‌ಫಾರ್ಕ್ಟ್ (ಮಿದುಳಿನ ಮಧ್ಯ ಅಪಧಮನಿ ಕಟ್ಟಿಕೊಂಡು ಆದ ಲಕ್ವ), ಈಗ ಆರನೇ ವಾರ. ಎಡಗಾಲು ಪರವಾಗಿಲ್ಲ, ಒಬ್ಬರ ಆಸರೆಯಲ್ಲಿ ನಿಲ್ಲುತ್ತಾರೆ. ಎಡ ಭುಜದ ಸುತ್ತ ಟೋನ್ (ಸ್ನಾಯುವಿನ ಬಿಗಿತ) ಇನ್ನೂ ಸಡಿಲ, ಬೆರಳುಗಳಲ್ಲಿ ಬಿಗಿತದ ಅಳತೆ ಮಾಡಿಫೈಡ್ ಆಶ್‌ವರ್ತ್ 1, ಅಂದರೆ ತುಸು ಬಿಗಿ. ಅಕ್ರೋಮಿಯನ್ (ಭುಜದ ತುದಿಯ ಎಲುಬು) ಕೆಳಗೆ ಒಂದು ಬೆರಳು ಸಲೀಸಾಗಿ ಕೂರುತ್ತದೆ, ಅಂದರೆ ಕೀಲು ಕೆಳಗೆ ಜಾರಿದೆ. ಪ್ಯಾಸಿವ್ ಫ್ಲೆಕ್ಷನ್ (ನಾವೇ ಕೈಯನ್ನು ಮುಂದಕ್ಕೆ ಎತ್ತುವುದು) 100 ಡಿಗ್ರಿಗೆ ಬಂದಾಗ ನೋವು. ಎಕ್ಸ್‌ಟರ್ನಲ್ ರೊಟೇಶನ್ (ತೋಳು ಹೊರಕ್ಕೆ ತಿರುಗುವುದು) ಎಡಗಡೆ 20 ಡಿಗ್ರಿಗೇ ನಿಲ್ಲುತ್ತದೆ, ಬಲಗಡೆ 70 ಇದೆ. ಸುಮ್ಮನೆ ಕೂತಾಗ ನೋವು ಹತ್ತಕ್ಕೆ 3, ರಾಟೆ ಎಳೆಯುವಾಗ 7. ಎಡಗಡೆಯ ಕಡೆಗೆ ಗಮನವೂ ಕಡಿಮೆ.

ಈಗ ನಡೆಯುತ್ತಿರುವುದು ಫ್ರೋಜನ್ ಶೋಲ್ಡರ್ (ಕೀಲು ಬಿಗಿದುಕೊಂಡ ಭುಜ) ಕ್ರಮ: ಬಾಗಿಲಿನ ಮೇಲೆ ಕಟ್ಟಿದ ರಾಟೆ ಹಗ್ಗ 10 ನಿಮಿಷ ದಿನಕ್ಕೆರಡು ಸಲ, ಫಿಂಗರ್ ಲ್ಯಾಡರ್ (ಗೋಡೆಯ ಏಣಿಯಲ್ಲಿ ಬೆರಳು ಹತ್ತಿಸುವುದು), ಪೆಂಡುಲಮ್ (ಕೈ ನೇತುಬಿಟ್ಟು ತೂಗಾಡಿಸುವುದು), ಹಾಟ್ ಪ್ಯಾಕ್ 15 ನಿಮಿಷ. ಸ್ಲಿಂಗ್ (ಕೈಯ ತೂಗುಪಟ್ಟಿ) ಇಡೀ ದಿನ ಹಾಕಿಯೇ ಇರುತ್ತಾರೆ. ಎರಡು ವಾರದಿಂದ ನೋವು ಏರುತ್ತಿದೆ. ಇದು ಫ್ರೋಜನ್ ಶೋಲ್ಡರ್ ಅಂತಲೇ ಮುಂದುವರಿಸಲೇ? ಸ್ಲಿಂಗ್ ಬಿಡಿಸಲೇ? ಸ್ನಾಯುಗಳಿಗೆ ಕರೆಂಟ್ ಕೊಡುವ ಸ್ಟಿಮ್ಯುಲೇಟರ್ ಇದೆ, ಅದರಿಂದ ಪ್ರಯೋಜನ ಇದೆಯೇ?

ಕೀಲುಕೋನ:

ರಾಟೆ, ಲ್ಯಾಡರ್, ಪೆಂಡುಲಮ್ ಮೂರನ್ನೂ ಇವತ್ತೇ ನಿಲ್ಲಿಸಿ. ಹೆಸರು ಒಂದೇ ಭುಜವಾದರೂ ಫ್ರೋಜನ್ ಶೋಲ್ಡರ್‌ಗೂ ಇದಕ್ಕೂ ಒಳಗಿನ ಕತೆ ಬೇರೆ. ಫ್ರೋಜನ್ ಶೋಲ್ಡರ್‌ನಲ್ಲಿ ಕ್ಯಾಪ್ಸ್ಯೂಲ್ (ಕೀಲಿನ ಹೊದಿಕೆ) ಬಿಗಿಯಾಗಿರುತ್ತದೆ, ಸ್ನಾಯುಗಳಿಗೆ ಬಲವಿರುತ್ತದೆ. ರೋಗಿ ಕೈ ಎತ್ತಿದರೆ ಸ್ಕ್ಯಾಪುಲಾ (ಬೆನ್ನಿನ ಹಲಗೆ ಮೂಳೆ) ತಾನಾಗಿ ತಿರುಗಿ ಜಾಗ ಮಾಡಿಕೊಡುತ್ತದೆ. ಇಲ್ಲಿ ಭುಜ ಎತ್ತುವ, ಹಿಡಿದಿಡುವ ಸ್ನಾಯುಗಳಾದ ಸುಪ್ರಾಸ್ಪೈನೇಟಸ್, ಡೆಲ್ಟಾಯ್ಡ್, ಸೆರೇಟಸ್, ಟ್ರಪೀಜಿಯಸ್ ಯಾವುದೂ ತನ್ನ ಕೆಲಸ ಮಾಡುತ್ತಿಲ್ಲ. ಕೈಯನ್ನು 180 ಡಿಗ್ರಿ ಎತ್ತಬೇಕಾದರೆ ಸುಮಾರು 120 ಭುಜದ ಕೀಲಿನಿಂದ, 60 ಸ್ಕ್ಯಾಪುಲಾದಿಂದ ಬರಬೇಕು. ಬಲಗೈ ಹಗ್ಗ ಎಳೆದಾಗ ಎಡಗೈ ಮೇಲೇನೋ ಹೋಗುತ್ತದೆ, ಆದರೆ ಸ್ಕ್ಯಾಪುಲಾ ಇದ್ದಲ್ಲೇ ಇರುತ್ತದೆ, ತೋಳು ಒಳಕ್ಕೆ ತಿರುಗಿದ ಸ್ಥಿತಿಯಲ್ಲೇ ಇರುತ್ತದೆ. ಗ್ರೇಟರ್ ಟ್ಯೂಬರಾಸಿಟಿ (ತೋಳುಮೂಳೆಯ ಮೇಲ್ತುದಿಯ ಉಬ್ಬು) ನೇರವಾಗಿ ಅಕ್ರೋಮಿಯನ್‌ಗೆ ಬಡಿದು ನಡುವಿನ ಟೆಂಡನ್ (ಸ್ನಾಯುರಜ್ಜು) ಜಜ್ಜುತ್ತದೆ. ಎಡಗಡೆ ಗಮನವೇ ಇಲ್ಲದ ರೋಗಿಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದೂ ತಿಳಿಯುವುದಿಲ್ಲ. 1990ರಲ್ಲಿ ಪ್ರಕಟವಾದ 28 ರೋಗಿಗಳ ಅಧ್ಯಯನದಲ್ಲಿ ರಾಟೆ ಗುಂಪಿನ ಶೇ. 62 ಮಂದಿಗೆ ಭುಜನೋವು ಬಂತು. ಚಿಕಿತ್ಸಕರೇ ಕೈ ಆಡಿಸಿದ ಗುಂಪಿನಲ್ಲಿ ಶೇ. 8. ಅಧ್ಯಯನ ಚಿಕ್ಕದು ನಿಜ, ಅಂತರ ಚಿಕ್ಕದಲ್ಲ.

ಪೆಂಡುಲಮ್ ಇನ್ನೂ ವಿಚಿತ್ರ. ಮೊದಲೇ ಕೆಳಗೆ ಜಾರಿದ ಕೀಲಿಗೆ ಇಡೀ ಕೈಯ ಭಾರ ನೇತುಹಾಕಿ ತೂಗಾಡಿಸುವುದು ಯಾವ ಲೆಕ್ಕ?

ಮುಂದಿನದಕ್ಕೆ ಮೊದಲು ಒಂದು ಪರೀಕ್ಷೆ. ಸ್ಕ್ಯಾಪುಲಾವನ್ನು ಅಂಗೈಯಲ್ಲಿ ಭದ್ರ ಹಿಡಿದು ಮೂರು ಚಲನೆ ಅಳೆಯಿರಿ: ಎಕ್ಸ್‌ಟರ್ನಲ್ ರೊಟೇಶನ್, ಅಬ್ಡಕ್ಷನ್ (ತೋಳು ಪಕ್ಕಕ್ಕೆ ಎತ್ತುವುದು), ಇಂಟರ್ನಲ್ ರೊಟೇಶನ್ (ಒಳಕ್ಕೆ ತಿರುಗುವುದು). ಮೂರೂ ಕಡಿಮೆಯಾಗಿ, ಅದರಲ್ಲಿ ಎಕ್ಸ್‌ಟರ್ನಲ್ ಅತಿ ಕಡಿಮೆ ಇದ್ದರೆ ಕ್ಯಾಪ್ಸ್ಯೂಲ್ ಮೇಲೆ ಅನುಮಾನ. ಎಕ್ಸ್‌ಟರ್ನಲ್ ಒಂದೇ ನಿಂತು, ನಿಧಾನಕ್ಕೆ ಒಯ್ದರೆ ಹೆಚ್ಚು ದೂರ, ಬೇಗ ಒಯ್ದರೆ ಬೇಗನೆ ತಡೆ ಸಿಕ್ಕಿದರೆ ಅದು ಸಬ್‌ಸ್ಕ್ಯಾಪುಲಾರಿಸ್‌ (ತೋಳನ್ನು ಒಳಕ್ಕೆ ತಿರುಗಿಸುವ ಸ್ನಾಯು) ನ ಸ್ಪಾಸ್ಟಿಸಿಟಿ, ಅಂದರೆ ಲಕ್ವದಿಂದ ಬಂದ ಸೆಡೆತ. ಡೆಲ್ಟಾಯ್ಡ್ ಸಡಿಲವಿದ್ದೂ ಸಬ್‌ಸ್ಕ್ಯಾಪುಲಾರಿಸ್, ಎದೆಯ ಸ್ನಾಯು ಪೆಕ್ಟೊರಾಲಿಸ್ ಬಿಗಿಯುವುದು ಸಾಮಾನ್ಯ. "ಭುಜ ಸಡಿಲ" ಅಂತ ಒಂದೇ ಮಾತಿನಲ್ಲಿ ಬರೆದುಬಿಟ್ಟರೆ ಇದು ತಪ್ಪಿಹೋಗುತ್ತದೆ. ಬಿಗಿಯೇ ಮುಖ್ಯವಾದರೆ ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್, ನೋವೇ ಮುಖ್ಯವಾದರೆ ಸುಪ್ರಾಸ್ಕ್ಯಾಪುಲಾರ್ ನರ್ವ್ ಬ್ಲಾಕ್ (ಭುಜದ ನರಕ್ಕೆ ನೋವು ತಡೆಯುವ ಇಂಜೆಕ್ಷನ್) ಬಗ್ಗೆ ವೈದ್ಯರೊಡನೆ ಮಾತಾಡಬಹುದು.

ಕೈ ಆಡಿಸುವ ಕ್ರಮ ಹೀಗಿರಲಿ. ರೋಗಿ ಅಂಗಾತ, ನೀವು ಎಡಬದಿಗೆ. ಒಂದು ಕೈಯನ್ನು ಬೆನ್ನ ಕೆಳಗೆ ತೂರಿಸಿ ಬೆರಳ ತುದಿಗಳನ್ನು ಸ್ಕ್ಯಾಪುಲಾದ ಒಳ ಅಂಚಿಗೆ ಕೊಡಿ. ತೋಳನ್ನು ಎತ್ತದೆ ಮೊದಲು ಸ್ಕ್ಯಾಪುಲಾವನ್ನೇ ಮುಂದಕ್ಕೆ, ಮೇಲಕ್ಕೆ ಹತ್ತು ಸಲ ನಿಧಾನವಾಗಿ ಜಾರಿಸಿ. ಅದು ಸಡಿಲವಾದ ಮೇಲೆ ಇನ್ನೊಂದು ಕೈಯಲ್ಲಿ ಮೊಣಕೈ ಮೇಲ್ಭಾಗ ಹಿಡಿದು, ತೋಳುಮೂಳೆಯ ಗುಂಡನ್ನು ಗುಳಿಯೊಳಕ್ಕೆ ಹಗುರವಾಗಿ ಒತ್ತಿಟ್ಟುಕೊಂಡು, ಹೆಬ್ಬೆರಳು ಹೊರಕ್ಕೆ ನೋಡುವಂತೆ ತೋಳು ತಿರುಗಿಸಿ, ಆಮೇಲೆ ಎತ್ತಿ. ಸ್ಕ್ಯಾಪುಲಾ ಜೊತೆಗೆ ಬರುತ್ತಿಲ್ಲ, ತೋಳು ಹೊರತಿರುಗುತ್ತಿಲ್ಲ ಅಂದರೆ 90 ಡಿಗ್ರಿ ದಾಟಬೇಡಿ. ಮಣಿಕಟ್ಟು ಹಿಡಿದು ಎತ್ತುವುದು ಬೇಡವೇ ಬೇಡ. ನೋವಿನ ಅಂಕ ಕೇಳಿಕೊಂಡು ಕೂರಬೇಡಿ, ಮುಖ ನೋಡಿ. ಹುಬ್ಬು ಗಂಟಿಕ್ಕಿದ ಕಡೆ ನಿಲ್ಲಿಸಿ ಹತ್ತು ಡಿಗ್ರಿ ಹಿಂದೆ ಬನ್ನಿ. ಒಂದು ಸಲಕ್ಕೆ 5–8 ಆವರ್ತನೆ, ದಿನಕ್ಕೆರಡು ಬಾರಿ ಸಾಕು.

ಹಾಟ್ ಪ್ಯಾಕ್ ಇಡುವ ಮುಂಚೆ ಬಿಸಿ–ತಣ್ಣಗೆ ಗುರುತಿಸುತ್ತಾರಾ ಪರೀಕ್ಷಿಸಿ. ಸ್ಪರ್ಶ ಹೋದ ಚರ್ಮಕ್ಕೆ 15 ನಿಮಿಷದ ಶಾಖ ಅಂದರೆ ಬೊಬ್ಬೆ.

ಮಗ್ಗುಲು:

ಮೇಲಿನವರು ಹೇಳಿದ್ದು ಸರಿ, ಆದ್ರೆ ನೀವು ಮುಟ್ಟೋದು ದಿನಕ್ಕೆ ಅರ್ಧ ಗಂಟೆ. ಮಿಕ್ಕ ಇಪ್ಪತ್ತಮೂರೂವರೆ ಗಂಟೆ ಆ ಭುಜ ಯಾರ ಕೈಯಲ್ಲಿರತ್ತೆ ಅನ್ನೋದನ್ನ ನೋಡಿ. ಎಷ್ಟೋ ಭುಜಗಳು ಹಾಳಾಗೋದು ಜಿಮ್ಮಲ್ಲಲ್ಲ, ಹಾಸಿಗೆಯಿಂದ ಕುರ್ಚಿಗೆ ಎಬ್ಬಿಸೋವಾಗ. ಕಂಕುಳಿಗೆ ಕೈ ಹಾಕಿ ಎತ್ತೋದು, ಎಡಗೈ ಹಿಡಿದು "ಏಳಿ" ಅಂತ ಎಳೆಯೋದು, ಕಮೋಡ್‌ನಿಂದ ಎಬ್ಬಿಸೋವಾಗ ಅಂಗಿ ತೋಳು ಜಗ್ಗೋದು. ಸೊಂಟಕ್ಕೆ ಬೆಲ್ಟ್ ಕಟ್ಟಿ ಅದನ್ನೇ ಹಿಡೀಬೇಕು. ಬೆಲ್ಟ್ ಇಲ್ಲದಿದ್ರೆ ಒಂದು ಕೈ ಸೊಂಟದ ಹಿಂದೆ, ಇನ್ನೊಂದು ಬೆನ್ನ ಹಿಂದೆ ಸ್ಕ್ಯಾಪುಲಾ ಮೇಲೆ.

ಮಲಗೋದು: ಎಡ ಮಗ್ಗುಲಿಗೆ ಮಲಗಿಸಬಾರದು ಅಂತಿಲ್ಲ, ಭುಜದ ತುದಿ ಮೇಲೆ ಮಲಗಿಸಬಾರದು. ಹೊರಳಿಸಿದ ಮೇಲೆ ಕೈಯನ್ನ ಎದೆ ಕೆಳಗೆ ತೂರಿಸಿ ಸ್ಕ್ಯಾಪುಲಾವನ್ನೇ ಮುಂದಕ್ಕೆ ತಂದುಕೊಳ್ಳಿ. ಕೈ ಹಿಡಿದೆಳೆದ್ರೆ ಗುಂಡು ಬರತ್ತೆ, ಹಲಗೆ ಬರಲ್ಲ. ಭಾರ ಬೆನ್ನಿನ ಹಲಗೆ ಮೇಲೆ ಬಿದ್ದಿದ್ಯಾ ಅಂತ ಬೆರಳಿಟ್ಟು ನೋಡಿ. ಈಗ ನೋವಿರೋದ್ರಿಂದ ಸದ್ಯಕ್ಕೆ ಬಲ ಮಗ್ಗುಲೇ ಒಳ್ಳೇದು: ಎದೆ ಮುಂದೆ ದಪ್ಪ ದಿಂಬು, ಅದರ ಮೇಲೆ ಇಡೀ ಎಡಗೈ, ಮಣಿಕಟ್ಟು ದಿಂಬಿನಾಚೆ ಜೋತು ಬೀಳದ ಹಾಗೆ. ಅಂಗಾತ ಮಲಗಿದಾಗ ತೋಳಿನ ಜೊತೆ ಸ್ಕ್ಯಾಪುಲಾ ಕೆಳಗೂ ತೆಳು ದಿಂಬು ಬೇಕು. ಬರೀ ಮುಂಗೈ ಕೆಳಗೆ ಇಟ್ಟರೆ ಭುಜ ಹಿಂದಕ್ಕೆ ಕುಸಿಯತ್ತೆ.

ಕೂತಾಗ ಕೈ ತೊಡೆ ಮೇಲೆ ಬೇಡ, ಗಾಲಿಕುರ್ಚಿಗೆ ಟ್ರೇ ಇರಲಿ. ಎತ್ತರ ಸರಿ ಇದೆಯಾ ಅಂತ ನೋಡೋಕೆ ಅಕ್ರೋಮಿಯನ್ ಕೆಳಗಿನ ಆ ಬೆರಳಗಲದ ಸಂದು ಮುಚ್ಚಿದ್ಯಾ ನೋಡಿ. ಎಡ ಭುಜ ಬಲಕ್ಕಿಂತ ಮೇಲಕ್ಕೆ ನಿಂತ್ರೆ ಟ್ರೇ ಎತ್ತರ ಜಾಸ್ತಿ. ಗಮನ ಇಲ್ಲದವರ ಕೈ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳೋದೂ ಟ್ರೇ ಇದ್ರೆ ತಪ್ಪತ್ತೆ, ಕೈ ಕಣ್ಣಿಗೂ ಬೀಳ್ತಾ ಇರತ್ತೆ.

ಸ್ಲಿಂಗ್: ನಿಂತಾಗ, ನಡೆಯೋವಾಗ, ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸೋವಾಗ ಮಾತ್ರ. ಕೂತ ತಕ್ಷಣ ತೆಗೀಬೇಕು. ಇಡೀ ದಿನ ಮೊಣಕೈ ಮಡಚಿ ಹೊಟ್ಟೆಗೆ ಒತ್ತಿಟ್ಟರೆ ಅದೇ ಒಳತಿರುಗಿದ ಬಿಗಿ ನೀವೇ ಕಟ್ಟಿಕೊಟ್ಟ ಹಾಗೆ. ಆ 20 ಡಿಗ್ರಿಯಲ್ಲಿ ಸ್ಲಿಂಗಿನ ಪಾಲೂ ಇದೆ ಅಂತ ನನ್ನ ಅನುಮಾನ. ಆಮೇಲೆ ಅಂಗಿ: ತೊಡಿಸೋವಾಗ ಎಡಗೈ ಮೊದಲು, ತೆಗೆಯೋವಾಗ ಎಡಗೈ ಕೊನೆಗೆ.

ಮೈಕ್ರೋಸೆಕೆಂಡ್:

ಸ್ಟಿಮ್ಯುಲೇಟರ್ ಬಗ್ಗೆ ನಾನು ಹೇಳುವೆ. ಮೊದಲು ಯಂತ್ರ ಯಾವ ಮೋಡ್‌ನಲ್ಲಿದೆ ನೋಡಿ. ಟೆನ್ಸ್ (ನೋವು ತಗ್ಗಿಸಲು ನರಕ್ಕೆ ಕೊಡುವ ಕರೆಂಟ್) ಮೋಡ್‌ನಲ್ಲಿ 100 ಹರ್ಟ್ಸ್ ಇಟ್ಟು ಜುಮ್ಮೆನಿಸಿ, ಸಬ್‌ಲಕ್ಸೇಶನ್‌ಗೆ (ಕೀಲು ಜಾರಿದ್ದಕ್ಕೆ) ಕರೆಂಟ್ ಕೊಟ್ಟೆವು ಅಂತ ಬರೆಯುವವರು ಬಹಳ. ಸ್ನಾಯು ಸಂಕುಚಿಸದಿದ್ದರೆ ಗುಂಡು ಮೇಲೇರುವುದಿಲ್ಲ. ಬೇಕಾದ್ದು ಎನ್ಎಂಇಎಸ್ (ಸ್ನಾಯುವನ್ನೇ ಸಂಕುಚಿಸುವ ಕರೆಂಟ್): 30–35 ಹರ್ಟ್ಸ್, ಪಲ್ಸ್ 250–300 ಮೈಕ್ರೋಸೆಕೆಂಡ್, ಕರೆಂಟಿನ ಏರಿಕೆ 2–3 ಸೆಕೆಂಡ್. ಆವರ್ತನ ತೀರಾ ಕಡಿಮೆಯಾದರೆ ಸ್ನಾಯು ಅದುರುತ್ತದೆ, ಹಿಡಿದು ನಿಲ್ಲುವುದಿಲ್ಲ. ತೀರಾ ಹೆಚ್ಚಾದರೆ ಬೇಗ ಸೋಲುತ್ತದೆ. ಶುರುವಿಗೆ 5 ಸೆಕೆಂಡ್ ಆನ್, 15 ಆಫ್, 15–20 ನಿಮಿಷ, ದಿನಕ್ಕೆರಡು ಸಲ. ಕೊನೆಯ ಸಂಕೋಚನವೂ ಮೊದಲಿನಷ್ಟೇ ಗಟ್ಟಿಯಿದ್ದರೆ ಮಾತ್ರ ಮೊದಲು ಒಟ್ಟು ಹೊತ್ತು ಹೆಚ್ಚಿಸಿ, ಆಮೇಲೆ ಆಫ್ ಸಮಯ ಇಳಿಸಿ.

5 ಸೆಂ.ಮೀ. ಪ್ಯಾಡ್ ಎರಡು. ಒಂದು ಸ್ಕ್ಯಾಪುಲಾದ ಸ್ಪೈನ್‌ಗೆ (ಹಲಗೆ ಮೂಳೆಯ ಹಿಂಬದಿಯ ಏಣು, ಬೆನ್ನುಹುರಿಯಲ್ಲ) ತಾಗಿದಂತೆ ಅದರ ಮೇಲಿನ ತಗ್ಗಿನಲ್ಲಿ, ಇನ್ನೊಂದು ಪೋಸ್ಟೀರಿಯರ್ ಡೆಲ್ಟಾಯ್ಡ್ (ಡೆಲ್ಟಾಯ್ಡ್‌ನ ಹಿಂಭಾಗ) ಮೇಲೆ. ಹೆಗಲು ಕಿವಿಯತ್ತ ಏರಿತೆಂದರೆ ಅಪ್ಪರ್ ಟ್ರಪೀಜಿಯಸ್ ಹಿಡಿದಿದೆ, ಮೊದಲ ಪ್ಯಾಡನ್ನು ಸ್ಪೈನ್ ಹತ್ತಿರಕ್ಕೆ ಸರಿಸಿ. ತೋಳು ಮುಂದಕ್ಕೆ ಬಂದರೆ ಎರಡನೆಯದು ಡೆಲ್ಟಾಯ್ಡ್‌ನ ಮುಂಭಾಗಕ್ಕೆ ಹೋಗಿದೆ, ಹಿಂದಕ್ಕೆ ತನ್ನಿ. ಸರಿಯಾಯಿತಾ ಅಂತ ತಿಳಿಯಲು ಮೀಟರ್ ಬೇಡ: ಸಂದಿನಲ್ಲಿ ಬೆರಳಿಡಿ, ಆನ್ ಆದಾಗ ಗುಂಡು ಬಂದು ಬೆರಳಿಗೆ ಒತ್ತಬೇಕು.

ಪೇಸ್‌ಮೇಕರ್ ಇದ್ದರೆ, ಫಿಟ್ಸ್ ಹತೋಟಿಯಲ್ಲಿಲ್ಲದಿದ್ದರೆ, ಪ್ಯಾಡ್ ಜಾಗದಲ್ಲಿ ಗಾಯವಿದ್ದರೆ ಬೇಡ. ಸ್ಪರ್ಶ ಕಡಿಮೆ ಇರುವುದರಿಂದ ಪ್ರತಿ ಸಲ ಪ್ಯಾಡ್ ತೆಗೆದು ಚರ್ಮ ನೋಡಿ. ಆರನೇ ವಾರ ಒಳ್ಳೆಯ ಸಮಯವೇ. ಸಂದು ತಗ್ಗುವ ನಿರೀಕ್ಷೆ ಇಟ್ಟುಕೊಳ್ಳಬಹುದು, ನೋವು ಇಳಿದೇ ಇಳಿಯುತ್ತದೆ ಅಂತ ಮಾತು ಕೊಡಬೇಡಿ. ಸಂದು ಇದ್ದೂ ನೋವಿಲ್ಲದವರಿದ್ದಾರೆ, ಸಂದಿಲ್ಲದೆ ನರಳುವವರೂ ಇದ್ದಾರೆ.

ಹೊಸ ಪಿಟಿ:

ಮೂವರಿಗೂ ಧನ್ಯವಾದ. ಸ್ಕ್ಯಾಪುಲಾ ಹಿಡಿದು ಅಳೆದಾಗ ಇಂಟರ್ನಲ್ ರೊಟೇಶನ್ ಪೂರ್ತಿ ಇದೆ, ಎಕ್ಸ್‌ಟರ್ನಲ್ ನಿಧಾನಕ್ಕೆ 35ರವರೆಗೆ ಬರುತ್ತದೆ, ಬೇಗ ಒಯ್ದರೆ 20ಕ್ಕೇ ತಡೆ. ಇನ್ನೊಂದು ವಿಷಯ ಬಿಟ್ಟುಹೋಗಿತ್ತು: ಮೂರು ದಿನದಿಂದ ಎಡ ಅಂಗೈ ಹಿಂಭಾಗ ಊದಿಕೊಂಡಿದೆ. ಮನೆಯವರಿಗೆ ರಾಟೆಯ ಮೇಲೆ ಬಹಳ ನಂಬಿಕೆ, ತೆಗೆಸಿದರೆ ವ್ಯಾಯಾಮವೇ ನಿಂತಿತು ಅಂದುಕೊಳ್ಳುತ್ತಾರೆ. ಬದಲಿಗೆ ಏನು ಕೊಡಲಿ?

ಕೀಲುಕೋನ:

ಹಾಗಾದರೆ ಸಬ್‌ಸ್ಕ್ಯಾಪುಲಾರಿಸ್ಸೇ ಮುಖ್ಯ, ಕ್ಯಾಪ್ಸ್ಯೂಲ್ ಇನ್ನೂ ಕೂಡಿಕೊಂಡಿಲ್ಲ. ಒಳ್ಳೆಯ ಸುದ್ದಿ.

ಊತವನ್ನು ಇವತ್ತೇ ವಿಂಗಡಿಸಿ. ತಣ್ಣಗೆ, ಮೆತ್ತಗೆ, ಒತ್ತಿದರೆ ನೋವಿಲ್ಲ, ರಾತ್ರಿ ದಿಂಬಿನ ಮೇಲಿಟ್ಟರೆ ಬೆಳಗ್ಗೆ ಇಳಿಯುತ್ತದೆ ಅಂದರೆ ಜೋತುಬಿದ್ದ ಕೈಯ ನೀರು ಅಷ್ಟೆ. ಕೈಯನ್ನು ಮೊಣಕೈಗಿಂತ ಎತ್ತರದಲ್ಲಿಡಿ, ಆ ಕೈಗೆ ಡ್ರಿಪ್ ಹಾಕಿಸಬೇಡಿ. ಗೆಣ್ಣುಗಳ ಸುಕ್ಕು ಮಾಯವಾಗಿ, ಚರ್ಮ ಬಿಸಿ ಅಥವಾ ಬಣ್ಣ ಬದಲು, ಬೆವರು ಹೆಚ್ಚು, ಬೆರಳ ಬುಡ ಮಡಚಿದರೂ ಮಣಿಕಟ್ಟು ಹಿಂದಕ್ಕೆ ಬಾಗಿಸಿದರೂ ಅತಿಯಾದ ನೋವು ಅಂದರೆ ಸಿಆರ್‌ಪಿಎಸ್ (ಕೈಯಲ್ಲಿ ಮಿತಿಮೀರಿದ ನೋವು–ಊತ ಉಳಿದುಬಿಡುವ ತೊಂದರೆ) ಶುರುವಾಗುತ್ತಿರಬಹುದು. ಅದನ್ನು ಗುರುತಿಸುವ ಬುಡಾಪೆಸ್ಟ್ ಮಾನದಂಡದಲ್ಲಿರುವ ಲಕ್ಷಣಗಳ ನಾಲ್ಕು ಗುಂಪುಗಳಲ್ಲಿ ಮೂರರಲ್ಲಿ ದೂರು, ಎರಡರಲ್ಲಿ ಕಣ್ಣಿಗೆ ಕಾಣುವ ಚಿಹ್ನೆ ಇದೆಯೇ ಬರೆದಿಟ್ಟು ವೈದ್ಯರಿಗೆ ತೋರಿಸಿ. ಆ ಕೈಯನ್ನು ಬಲವಂತವಾಗಿ ಮಡಚಿಸಲು ಹೋಗಬೇಡಿ. ಅಂಗೈ ಮಾತ್ರವಲ್ಲ, ತೋಳೂ ದಪ್ಪವಾಗಿ ಎದೆಯ ಮೇಲೆ ರಕ್ತನಾಳ ಎದ್ದು ಕಾಣುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಶಂಕೆ: ಮಸಾಜ್ ಬೇಡ, ಅದೇ ದಿನ ವೈದ್ಯರು. ಇದು ಎಡಗಡೆ ಆದ್ದರಿಂದ ಇನ್ನೊಂದು ಮಾತು: ಕೈ ಆಡಿಸದಿದ್ದರೂ ಬರುವ ಭುಜನೋವು, ಜೊತೆಗೆ ಬೆವರು, ಏದುಸಿರು ಇದ್ದರೆ ಹೃದಯದ ಕಡೆ ಯೋಚಿಸಬೇಕು, ಭುಜದ ಕಡೆಯಲ್ಲ.

ಮಗ್ಗುಲು:

ರಾಟೆಗೆ ಬದಲು ಟವೆಲ್ ಕೊಡಿ. ನಯವಾದ ಮೇಜು, ಎತ್ತರ ಹೊಕ್ಕಳಿಗೆ ಸ್ವಲ್ಪ ಮೇಲೆ. ಮಡಚಿದ ಟವೆಲ್ ಮೇಲೆ ಎಡ ಮುಂಗೈ ಪೂರ್ತಿ ಇರಬೇಕು, ಬಲಗೈ ಅದರ ಪಕ್ಕ ಟವೆಲ್ ಮೇಲೇ ಇರಲಿ. ಎಡ ಮಣಿಕಟ್ಟು ಹಿಡಿದೆಳೆದ್ರೆ ಮತ್ತೆ ರಾಟೆನೇ ಆಯ್ತು. ಕೈಯನ್ನ ತಳ್ಳೋದಲ್ಲ, ಸೊಂಟದಿಂದ ಮೈ ಮುಂದಕ್ಕೆ ಬಾಗಬೇಕು, ಕೈ ತಾನಾಗಿ ಜಾರಬೇಕು. ಭಾರ ಮೇಜು ಹೊರತ್ತೆ, ಸ್ಕ್ಯಾಪುಲಾ ಮುಂದಕ್ಕೆ ಬರತ್ತೆ, ಭುಜ 90ರ ಒಳಗೇ ಉಳಿಯತ್ತೆ. ಮುಂದಕ್ಕೆ 15, ಎಡಕ್ಕೆ ಓರೆಯಾಗಿ 15, ದಿನಕ್ಕೆ ಮೂರು ಸಲ. ಎಡಕ್ಕೆ ಓರೆ ಹೋಗೋವಾಗ ಕಣ್ಣೂ ಕೈ ಹಿಂದೆ ಹೋಗಲಿ. ಆ ತುದಿಗೆ ಬಣ್ಣದ ಲೋಟ ಇಟ್ಟು ಅದನ್ನ ನೋಡಿ ಬರೋಕೆ ಹೇಳಿ. ಹೆಗಲು ಕಿವಿ ಹತ್ರ ಏರ್ತಾ ಇದ್ರೆ ಮೇಜು ಎತ್ತರ ಆಯ್ತು.

ಡೆಲ್ಟಾಯ್ಡ್‌ನಲ್ಲಿ ಅವರದೇ ಚಲನೆಯ ಮಿಣುಕು ಕಂಡ ದಿನ ಬಲ ಮಗ್ಗುಲಿಗೆ ಮಲಗಿಸಿ, ಎಡಗೈ ಕೆಳಗೆ ಜಾರೋ ಹಲಗೆ ಕೊಟ್ಟು ಅವರೇ ಮುಂದಕ್ಕೆ ಹಿಂದಕ್ಕೆ ಆಡಿಸಲಿ. ಆಮೇಲೆ ಎಣಿಕೆ ಬೆಳೆಸಿ. ಗಂಟೆಗೆ 300 ಆವರ್ತನೆವರೆಗೂ ರೋಗಿಗಳು ಮಾಡ್ತಾರೆ ಅಂತ 2010ರ ಸಂಶೋಧನೆ ತೋರಿಸಿದೆ, ಅವರು ಆರು ವಾರದವರಲ್ಲ, ಹಳೇ ರೋಗಿಗಳು ಅನ್ನೋದು ನೆನಪಿರಲಿ. ಹಗ್ಗ ಮಾತ್ರ ಬಾಗಿಲಿಂದ ಬಿಚ್ಚಿಸಿ. ನೇತಾಡ್ತಾ ಇದ್ರೆ ನೀವು ಹೋದ ಮೇಲೆ ಯಾರಾದರೂ ಎಳೆಸಿಯೇ ಎಳೆಸ್ತಾರೆ.