ಶಿವಮೊಗ್ಗ ಕಡೆಯವರಿಗೆ ಮೈಂಡ್‌ಫುಲ್‌ನೆಸ್ ಧ್ಯಾನ ಶಿಬಿರ, ತರಗತಿ ಎಲ್ಲಿವೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್, ವಯಸ್ಸು 46. ಮೊಬೈಲ್ ಆ್ಯಪ್ ಹಾಕಿಕೊಂಡು ದಿನಾ 15 ನಿಮಿಷ ಉಸಿರಾಟ ಗಮನಿಸುತ್ತಾ ಕೂರುತ್ತೇನೆ. ಇನ್ನು ಮುಂದೆ ಬಲ್ಲವರ ಹತ್ತಿರ ಕಲಿಯಬೇಕು. ದಸರಾ ರಜೆಯಲ್ಲಿ ಶಿಬಿರಕ್ಕೆ ಹೋಗಬಹುದು, ಇಲ್ಲದಿದ್ದರೆ ವಾರಕ್ಕೊಂದು ತರಗತಿಯೂ ಆದೀತು. ಕನ್ನಡದಲ್ಲಿ ಹೇಳಿಕೊಟ್ಟರೆ ಒಳ್ಳೆಯದು. ಮಂಡಿ ನೋವಿದೆ, ಥೈರಾಯ್ಡ್ ಮಾತ್ರೆ ನುಂಗುತ್ತೇನೆ. ಎಲ್ಲಿಗೆ ಹೋಗಲಿ, ಖರ್ಚೆಷ್ಟು, ನೇರವಾಗಿ ಹತ್ತು ದಿನಕ್ಕೆ ಹೋಗುವುದು ಸರಿಯೇ?

ಆಲದನೆರಳು

ಮೇಡಂ, ನಿಮ್ಮ ರಜೆ, ಭಾಷೆ, ಖರ್ಚು ಮೂರಕ್ಕೂ ಹೊಂದುವುದು ಬೆಂಗಳೂರಿನ ಧಮ್ಮ ಪಫುಲ್ಲ. ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ವಿಪಶ್ಯನ (ದೇಹದ ಸಂವೇದನೆ ಗಮನಿಸುವ ಧ್ಯಾನ) ಕೇಂದ್ರ ಅದು, ತುಮಕೂರು ರಸ್ತೆಯಿಂದ ಒಳಗೆ ದಾಸನಪುರ ಹೋಬಳಿಯ ಆಲೂರಿನಲ್ಲಿದೆ. ಊಟ, ವಸತಿ, ಪಾಠ ಯಾವುದಕ್ಕೂ ಶುಲ್ಕವಿಲ್ಲ. ಈ ಪರಂಪರೆಯಲ್ಲಿ ದಾನವನ್ನು ಸಹ ಶಿಬಿರ ಪೂರೈಸಿದವರಿಂದ ಮಾತ್ರ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಸೀಟಿಗೆ ಮುಂಗಡ ಕೊಡಿ ಅಂತ ಯಾರಾದರೂ ಕೇಳಿದರೆ ಕೊಡಬೇಡಿ.

ಹತ್ತು ದಿನದ ಶಿಬಿರ ಅಂದರೂ ಕ್ಯಾಲೆಂಡರಿನಲ್ಲಿ 12 ದಿನ ಬೇಕು. ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಸೇರಬೇಕು, ಹನ್ನೊಂದನೇ ದಿನ ಬೆಳಿಗ್ಗೆ ಬಿಡುತ್ತಾರೆ. ರಜೆಯ ಲೆಕ್ಕ ಹಾಕುವಾಗ ತುಂಬ ಜನ ಇಲ್ಲೇ ತಪ್ಪುತ್ತಾರೆ. ನಡುವೆ ಎದ್ದು ಬರುವ ಹಾಗಿಲ್ಲ, ಆ ಒಪ್ಪಿಗೆಯ ಮೇಲೆಯೇ ಪ್ರವೇಶ.

ಅರ್ಜಿ ಧಮ್ಮ ಡಾಟ್ ಆರ್ಗ್ ತಾಣದಲ್ಲಿ. ಹೆಂಗಸರಿಗೂ ಗಂಡಸರಿಗೂ ಸೀಟು ಬೇರೆ ಬೇರೆ ಇರುವುದರಿಂದ ಒಂದು ಕಡೆ ಭರ್ತಿಯಾದರೂ ಇನ್ನೊಂದು ಕಡೆ ಖಾಲಿ ಇರಬಹುದು. ಶಾಲಾ ರಜೆಯ ಶಿಬಿರಗಳು ಬೇಗ ತುಂಬುತ್ತವೆ, ಅರ್ಜಿ ತೆರೆದ ವಾರದಲ್ಲೇ ಹಾಕಿ. ಸೀಟು ಸಿಕ್ಕ ಮೇಲೆ 'ಬರುವುದು ಖಚಿತವೇ' ಅಂತ ಮತ್ತೊಂದು ಮೇಲ್ ಬರುತ್ತದೆ. ಅದಕ್ಕೆ ಉತ್ತರಿಸದಿದ್ದರೆ ಸೀಟು ಕೈತಪ್ಪುತ್ತದೆ, ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಿರಿ. ಭಾಷೆ ಕೇಳುವ ಕಡೆ ಕನ್ನಡ ಅಂತಲೇ ಬರೆಯಿರಿ.

ದಿನಚರಿ ಕಠಿಣವೇ. ಬೆಳಿಗ್ಗೆ 4ಕ್ಕೆ ಗಂಟೆ, 4:30ಕ್ಕೆ ಕೂರುವುದು, 6:30ಕ್ಕೆ ತಿಂಡಿ, 11ಕ್ಕೆ ಊಟ, ಸಂಜೆ 5ಕ್ಕೆ ಚಹಾ ಮತ್ತು ಹಣ್ಣು, 7ಕ್ಕೆ ಪ್ರವಚನ, 9:30ಕ್ಕೆ ದೀಪ ಆರುತ್ತದೆ. ರಾತ್ರಿ ಊಟವಿಲ್ಲ. ಒಟ್ಟು ಕೂರುವುದು ಹತ್ತು ಗಂಟೆಗೂ ಮೇಲೆ. ಮೊದಲ ಮೂರು ದಿನ ಮೂಗಿನ ಹೊಳ್ಳೆ, ಮೇಲ್ದುಟಿಯ ಹತ್ತಿರ ಉಸಿರನ್ನಷ್ಟೇ ಗಮನಿಸುವ ಆನಾಪಾನ. ನಾಲ್ಕನೇ ದಿನದಿಂದ ತಲೆಯಿಂದ ಪಾದದವರೆಗೆ ದೇಹದ ಸಂವೇದನೆ ನೋಡುವ ವಿಪಶ್ಯನ. ಆಮೇಲೆ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ ಕೈ ಕಾಲು ಅಲುಗಿಸದೆ ಕೂರಲು ಹೇಳುತ್ತಾರೆ. ಇಡೀ ಶಿಬಿರದಲ್ಲಿ ಅತಿ ಕಷ್ಟದ್ದೂ ಅತಿ ಹೆಚ್ಚು ಕಲಿಸುವುದೂ ಈ ಗಂಟೆಗಳೇ. ಮೌನ ಹತ್ತನೇ ದಿನ ಬೆಳಿಗ್ಗೆಯವರೆಗೆ. ಆದರೆ ಸಂದೇಹ ಬಂದರೆ ಆಚಾರ್ಯರನ್ನು, ತೊಂದರೆಯಾದರೆ ಸೇವಕಿಯರನ್ನು ಮಾತಾಡಿಸಬಹುದು. ಇದು ಗೊತ್ತಿಲ್ಲದೆ ಜ್ವರವನ್ನೂ ಸುಮ್ಮನೆ ಸಹಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಿಧಾನವೇಪ್ರಧಾನ

ಮೇಲಿನ ವಿವರವೆಲ್ಲ ಸರಿ. ಆದರೆ 15 ನಿಮಿಷ ಕೂರುವವರು ಒಮ್ಮೆಗೇ ಹತ್ತು ಗಂಟೆಗೆ ಹಾರುವುದಕ್ಕಿಂತ ಎಂಟು ವಾರದ ಎಂಬಿಎಸ್ಆರ್ (ಮೈಂಡ್‌ಫುಲ್‌ನೆಸ್ ಮೂಲಕ ಒತ್ತಡ ತಗ್ಗಿಸುವ ಕ್ರಮ) ತರಗತಿ ಹೆಚ್ಚು ಹಿಡಿಸಬಹುದು. ಇದನ್ನು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಝಿನ್ ಶುರು ಮಾಡಿದರು. ವಾರಕ್ಕೆ ಒಂದು ದಿನ ಸುಮಾರು ಎರಡೂವರೆ ಗಂಟೆ ತರಗತಿ, ಮನೆಯಲ್ಲಿ ದಿನಕ್ಕೆ 45 ನಿಮಿಷ ಅಭ್ಯಾಸ, ಆರನೇ ವಾರದ ಆಸುಪಾಸಿನಲ್ಲಿ ಇಡೀ ಒಂದು ದಿನದ ಮೌನ. ಮಲಗಿಕೊಂಡು ದೇಹವನ್ನು ಅಂಗ ಅಂಗವಾಗಿ ಗಮನಿಸುವುದು, ಕೂತು ಮಾಡುವ ಧ್ಯಾನ, ಹಗುರ ಯೋಗ, ನಡಿಗೆ ಎಲ್ಲವೂ ಇದೆ. ಮಂಡಿ ನೋವಿನವರಿಗೆ ಇದು ಅನುಕೂಲ. ಆನ್‌ಲೈನ್‌ನಲ್ಲೂ ನಡೆಯುವುದರಿಂದ ಶಿವಮೊಗ್ಗದಲ್ಲೇ ಕೂತು ಕಲಿಯಬಹುದು. ಆದರೆ ಇದಕ್ಕೆ ಶುಲ್ಕವಿದೆ, ಹೆಚ್ಚಿನವು ಇಂಗ್ಲಿಷಿನಲ್ಲಿ.

ಕಲಿಸುವವರನ್ನು ಹೀಗೆ ಕೇಳಿ: ಶಿಕ್ಷಕರ ತರಬೇತಿ ಎಲ್ಲಿ, ಎಷ್ಟು ತಿಂಗಳು ಆಯಿತು? ನೀವೇ ಮೌನ ಶಿಬಿರಗಳಲ್ಲಿ ಕೂತಿದ್ದೀರಾ? ಗುಂಪಿನಲ್ಲಿ ಎಷ್ಟು ಜನ? ಸೇರುವ ಮೊದಲು ಒಬ್ಬೊಬ್ಬರನ್ನೂ ಬೇರೆಯಾಗಿ ಮಾತಾಡಿಸಿ ಆರೋಗ್ಯ ವಿಚಾರಿಸುತ್ತೀರಾ? ಕೊನೆಯ ಪ್ರಶ್ನೆಗೆ 'ಅದೆಲ್ಲ ಬೇಡ, ಯಾರು ಬೇಕಾದರೂ ಬರಬಹುದು' ಅಂದರೆ ಆ ತರಗತಿ ಬಿಡಿ. ಎರಡು ದಿನದ ಕಾರ್ಯಾಗಾರಕ್ಕೆ ಎಂಬಿಎಸ್ಆರ್ ಹೆಸರಿಟ್ಟಿದ್ದರೂ ಅದು ಎಂಬಿಎಸ್ಆರ್ ಅಲ್ಲ. ಒಂದು ವಾರದ ತರಗತಿಗೂ ಮುಂದಿನದಕ್ಕೂ ನಡುವೆ ಮನೆಯಲ್ಲಿ ಮಾಡುವ ಅಭ್ಯಾಸವೇ ಅದರ ಜೀವಾಳ.

ಖಿನ್ನತೆ ಮತ್ತೆ ಮತ್ತೆ ಬಂದು ಹೋಗಿದ್ದರೆ ಎಂಬಿಸಿಟಿ (ಮೈಂಡ್‌ಫುಲ್‌ನೆಸ್ ಆಧಾರಿತ ಮನೋಚಿಕಿತ್ಸೆ) ಎಂಬ ಬೇರೆಯೇ ಎಂಟು ವಾರದ ಕ್ರಮವಿದೆ. ಅದಕ್ಕೆ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಮೂಲಕವೇ ಹೋಗಿ. ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನವರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ, ಅಲ್ಲಿ ವಿಚಾರಿಸಬಹುದು.

ಹಸಿರುಹಾದಿ

ಇನ್ನೆರಡು ಜಾಗ ಹೇಳುತ್ತೇನೆ. ಬೆಂಗಳೂರಿನ ಗಾಂಧಿನಗರ, ಕಾಳಿದಾಸ ರಸ್ತೆಯ ಮಹಾಬೋಧಿ ಸೊಸೈಟಿ. 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಕಟ್ಟಿದ್ದು, ಮೆಜೆಸ್ಟಿಕ್‌ಗೆ ಹತ್ತಿರ. ಹತ್ತು ದಿನ ಬಿಡುವಿಲ್ಲದವರು ಅಲ್ಲಿನ ಭಿಕ್ಖುಗಳನ್ನು ಕಂಡು ಧ್ಯಾನದ ಕಾರ್ಯಕ್ರಮ ಯಾವಾಗ ಇದೆ ಅಂತ ಕೇಳಬಹುದು. ಇನ್ನೊಂದು ಕೊಡೈಕೆನಾಲ್ ಹತ್ತಿರ ಪೆರುಮಾಳ್‌ಮಲೈಯ ಬೋಧಿ ಝೆಂಡೊ, ಆಮಾ ಸಾಮಿ ಸ್ಥಾಪಿಸಿದ ಝೆನ್ (ಜಪಾನಿನ ಬೌದ್ಧ ಧ್ಯಾನ ಪದ್ಧತಿ) ಕೇಂದ್ರ. ಅಲ್ಲಿ ಕನ್ನಡ ನಿರೀಕ್ಷಿಸಬೇಡಿ.

ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಹೋದರೆ ಧ್ಯಾನ ಕಲಿಸುತ್ತಾರೆ ಅಂದುಕೊಂಡು ಹೋಗುವವರು ಬಹಳ. ಆ ದೇವಾಲಯವಿರುವ ನಾಮ್‌ಡ್ರೋಲಿಂಗ್, ಟಿಬೆಟನ್ ಭಿಕ್ಷುಗಳು ಇದ್ದು ಓದುವ ವಿಹಾರ. ಪ್ರವಾಸಿಗರಿಗೆ ದೇವಾಲಯ ತೆರೆದಿರುತ್ತದೆ, ಹಾಗಂತ ಹೊಸಬರಿಗೆ ತರಗತಿ ನಡೆಸುವ ಜಾಗ ಅಂತ ತಿಳಿಯಬೇಡಿ.

ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು, ಹಿಂದೆ ಸೈಕೋಸಿಸ್ ಅಥವಾ ಬೈಪೋಲಾರ್ ಆಗಿದ್ದವರು ಈ ಥ್ರೆಡ್ ಓದುತ್ತಿದ್ದರೆ ದೀರ್ಘ ಮೌನ ಶಿಬಿರಕ್ಕೆ ವೈದ್ಯರನ್ನು ಕೇಳದೆ ಹೋಗಬೇಡಿ. ಅರ್ಜಿಯಲ್ಲಿ ವಿಷಯ ಮುಚ್ಚಿಡಬೇಡಿ, ಶಿಬಿರಕ್ಕಾಗಿ ಮಾತ್ರೆ ನಿಲ್ಲಿಸಲೇಬೇಡಿ. ನಿದ್ದೆ ಕಡಿಮೆ, ಮಾತಿಲ್ಲ, ದಿನವಿಡೀ ಒಳಗೇ ನೋಟ: ಈ ಮೂರೂ ಸೇರಿದಾಗ ಹಳೆಯ ಕಾಯಿಲೆ ಮರುಕಳಿಸಿದ ಉದಾಹರಣೆಗಳಿವೆ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಅಂಥ ತೊಂದರೆ ಯಾವುದೂ ನನಗಿಲ್ಲ. ಧಮ್ಮ ಪಫುಲ್ಲಕ್ಕೇ ಅರ್ಜಿ ಹಾಕುತ್ತೇನೆ. ಮಂಡಿಗೆ ಏನು ಮಾಡಲಿ? ಏನೇನು ಒಯ್ಯಬೇಕು, ಬಸ್ ಎಲ್ಲಿ ಇಳಿಯಬೇಕು?

ಆಲದನೆರಳು

ಅರ್ಜಿಯಲ್ಲೇ ಮಂಡಿ ನೋವು ಬರೆದು ಕುರ್ಚಿ ಬೇಕು ಅಂತ ತಿಳಿಸಿ. ನೆಲದ ಮೇಲೆ ಕೂರುವ ಮನಸ್ಸಿದ್ದರೆ ಈಗಿನಿಂದಲೇ ಕಂಬಳಿ ಮಡಿಸಿ, ನಾಲ್ಕರಿಂದ ಆರು ಇಂಚು ಎತ್ತರ ಮಾಡಿ ಪೃಷ್ಠದ ಕೆಳಗೆ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಕೆಳಗಿರಬೇಕು. ಮಂಡಿ ಗಾಳಿಯಲ್ಲಿ ತೇಲುತ್ತಿದ್ದರೆ ತೊಡೆಯ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ಅದರ ಕೆಳಗೆ ಟವೆಲ್ ಸುತ್ತಿ ಇಡಿ. ಕಾಲು ಜೋಮು ಹಿಡಿದರೆ ಗಾಬರಿ ಬೇಡ. ಮಂಡಿಯ ಒಳಬದಿಯಲ್ಲಿ ಚುಚ್ಚುವ ನೋವು ಬಂದರೆ ಮಾತ್ರ ತಕ್ಷಣ ಭಂಗಿ ಬದಲಿಸಿ, ಅದನ್ನು ಸಹಿಸುವುದು ಸಾಧನೆಯಲ್ಲ. ಈಗಿನ 15 ನಿಮಿಷವನ್ನು ವಾರಕ್ಕೆ 5 ನಿಮಿಷದಂತೆ ಏರಿಸುತ್ತಾ ಹೋಗಿ.

ಕಾಫಿ ಒಂದು ವಾರ ಮೊದಲೇ ಕಡಿಮೆ ಮಾಡುತ್ತಾ ಬನ್ನಿ. ಎರಡನೇ ದಿನದ ತಲೆನೋವನ್ನು ಧ್ಯಾನದ ಪರಿಣಾಮ ಅಂದುಕೊಳ್ಳುತ್ತಾರೆ, ಹೆಚ್ಚಿನ ಸಲ ಅದು ಕಾಫಿ ಬಿಟ್ಟದ್ದರಿಂದ. ಅಲುಗಾಟ ಕಡಿಮೆಯಾಗಿ ಮಲಬದ್ಧತೆಯೂ ಆಗುತ್ತದೆ. ಧಾರಾಳ ನೀರು ಕುಡಿಯಿರಿ, ಊಟದ ಬಿಡುವಿನಲ್ಲಿ ನಡೆಯಿರಿ. ಥೈರಾಯ್ಡ್ ಮಾತ್ರೆಗೆ ಅಲ್ಲಿನ ವೇಳೆ ಚೆನ್ನಾಗಿ ಹೊಂದುತ್ತದೆ: 4ಕ್ಕೆ ಎದ್ದಾಗ ನುಂಗಿದರೆ ತಿಂಡಿಗೆ ಎರಡೂವರೆ ಗಂಟೆ ಇರುತ್ತದೆ. 14 ದಿನದ ಮಾತ್ರೆ ಇಟ್ಟುಕೊಳ್ಳಿ.

ಸಡಿಲ ಚೂಡಿದಾರ, ಶಾಲು, ಬೆಡ್‌ಶೀಟ್, ಟಾರ್ಚ್, ಕೊಡೆ, ಅಲಾರಂ ಗಡಿಯಾರ, ಪರಿಮಳವಿಲ್ಲದ ಸೋಪು ಸಾಕು. ಮೊಬೈಲ್ ಕಚೇರಿಯಲ್ಲಿ ಒಪ್ಪಿಸಬೇಕು. ಪುಸ್ತಕ, ಪೆನ್ನು, ಜಪಮಾಲೆ, ಒಡವೆ ಮನೆಯಲ್ಲೇ ಬಿಡಿ.

ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೆ ಹೋದರೆ ಅಷ್ಟೂ ದೂರ ವಾಪಸ್ ಬರಬೇಕು. ನಿಮ್ಮ ಬಸ್ ತುಮಕೂರು ರಸ್ತೆಯಲ್ಲೇ ಬರುತ್ತದಲ್ಲ, ನೆಲಮಂಗಲ ದಾಟಿದ ಮೇಲೆ ಮಾದಾವರದ ಹತ್ತಿರ ಇಳಿದು ಆಟೋ ಹಿಡಿಯಿರಿ. ರೈಲಾದರೆ ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋದಲ್ಲಿ ಕೊನೆಯ ನಿಲ್ದಾಣ ಮಾದಾವರಕ್ಕೆ ಬನ್ನಿ. ಮರಳುವ ಟಿಕೆಟನ್ನು ಹನ್ನೊಂದನೇ ದಿನ ಮಧ್ಯಾಹ್ನದ ಮೇಲೆ ಮಾಡಿಸಿ, ಬೆಳಿಗ್ಗೆ ಕೋಣೆ ಗುಡಿಸಿ ಸ್ವಚ್ಛ ಮಾಡಿ ಹೊರಡುವ ಪದ್ಧತಿಯಿದೆ.